ಕಡೆಯ ತೀರ್ಪು ಯಾರ ಕೈಯಲ್ಲಿರಬೇಕು?

ಗ್ಲಾಸ್ಗೊದ ಒಬ್ಬ ವ್ಯಾಪಾರಿ ತನಗೆ ಬರಬೇಕಾದ ಹಣಕ್ಕಾಗಿ ಇನ್ನೊಬ್ಬನ ಮೇಲೆ ದಾವೆ ಹೂಡುತ್ತಾನೆ ಎನ್ನೋಣ. ಆ ವ್ಯಾಜ್ಯ ಒಂದೊಂದೇ ಮೆಟ್ಟಿಲೇರಿ ಲಂಡನ್ನಿನಲ್ಲಿರುವ ಸುಪ್ರೀಂ ಕೋರ್ಟಿನವರೆಗೂ ಹೋಗಬಹುದು. ಅದೇ ವ್ಯಾಪಾರಿಯ ಮೇಲೆ ಕೊಲೆ ಆರೋಪ ಬಂದು ಜೀವಾವಧಿ ಶಿಕ್ಷೆಯಾದರೆ, ಅವನು ಅಪರಾಧಿ ಹೌದೋ ಅಲ್ಲವೋ ಎಂಬ ಪ್ರಶ್ನೆ ಎಡಿನ್‌ಬರೊದಲ್ಲೇ ಮುಗಿದುಹೋಗುತ್ತದೆ. ಹಣದ ತಕರಾರಿಗೆ ತೆರೆದಿರುವ ಬಾಗಿಲು ಮನುಷ್ಯನ ಆಯುಷ್ಯವೇ ಪಣಕ್ಕಿದ್ದಾಗ ಬಹುಮಟ್ಟಿಗೆ ಮುಚ್ಚಿರುತ್ತದೆ. ಸ್ಕಾಟ್ಲೆಂಡಿನ ನ್ಯಾಯವ್ಯವಸ್ಥೆಯನ್ನು ಮೊದಲ ಸಲ ನೋಡುವವರಿಗೆ ಇದು ತಲೆಕೆಳಗಾದ ಏರ್ಪಾಡಿನಂತೆ ಕಾಣುವುದು ಸಹಜ.

ಆದರೆ ಇದರೊಳಗೆ ಯಾವ ದೇಶಕ್ಕೂ ತಪ್ಪದ ಒಂದು ಪ್ರಶ್ನೆ ಇದೆ. ನ್ಯಾಯದ ಕಡೆಯ ಮಾತು ಯಾರದಾಗಿರಬೇಕು? ಊರು, ಜನ, ರೂಢಿಗಳನ್ನು ಹತ್ತಿರದಿಂದ ಬಲ್ಲವರದೋ, ದೂರ ನಿಂತು ನೋಡುವವರದೋ? ವಿಚಾರಣೆ ನಡೆಸುವ ರೀತಿನೀತಿಗಳನ್ನು ಆಯಾ ನಾಡೇ ತೀರ್ಮಾನಿಸಿಕೊಳ್ಳಬೇಕು. ಆದರೆ ಕಟಕಟೆಯಲ್ಲಿ ನಿಂತವನ ಮೂಲ ಹಕ್ಕಿಗೆ ಹೊರಗಿನ ಕಣ್ಣೊಂದು ಇರಲೇಬೇಕು ಎಂಬುದು ನನ್ನ ವಾದ. ಸ್ಕಾಟ್ಲೆಂಡ್ ಮೂರು ಶತಮಾನ ಎಡವಿ, ಜಗಳಾಡಿ, ಹೆಚ್ಚುಕಡಿಮೆ ಇದೇ ಜಾಗಕ್ಕೆ ಬಂದು ನಿಂತಿದೆ.

1707ರಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡಿನೊಂದಿಗೆ ಒಂದಾದಾಗ ತನ್ನ ಸಂಸತ್ತನ್ನು ಬಿಟ್ಟುಕೊಟ್ಟಿತು, ನ್ಯಾಯಾಲಯಗಳನ್ನು ಬಿಟ್ಟುಕೊಡಲಿಲ್ಲ. ಒಪ್ಪಂದದ 19ನೆಯ ವಿಧಿ ಅವುಗಳನ್ನು ಉಳಿಸಿತು. ಸ್ಕಾಟಿಷ್ ಮೊಕದ್ದಮೆಗಳನ್ನು ವೆಸ್ಟ್‌ಮಿನ್‌ಸ್ಟರ್ ಹಾಲಿನ ಯಾವ ಕೋರ್ಟೂ ಮುಟ್ಟಕೂಡದು ಎಂದು ಸಾರಿತು. ಹೌಸ್ ಆಫ್ ಲಾರ್ಡ್ಸ್ ಬಗ್ಗೆ ಮಾತ್ರ ಅದು ಏನನ್ನೂ ಹೇಳಲಿಲ್ಲ. ಆ ಮೌನದೊಳಗೆ ಮೊದಮೊದಲು ಕಾಲಿಟ್ಟವರಲ್ಲೊಬ್ಬ ಜೇಮ್ಸ್ ಗ್ರೀನ್‌ಶೀಲ್ಡ್ಸ್ ಎಂಬ ಪಾದ್ರಿ. ಎಡಿನ್‌ಬರೊದಲ್ಲಿ ಇಂಗ್ಲಿಷ್ ಚರ್ಚಿನ ಪ್ರಾರ್ಥನಾ ಪುಸ್ತಕ ಬಳಸಿದನೆಂದು ನಗರದ ಮ್ಯಾಜಿಸ್ಟ್ರೇಟರು ಅವನನ್ನು ಸೆರೆಗೆ ಹಾಕಿದ್ದರು, ಸ್ಕಾಟ್ಲೆಂಡಿನ ಕೋರ್ಟೂ ಅದನ್ನು ಎತ್ತಿಹಿಡಿದಿತ್ತು. 1711ರಲ್ಲಿ ಹೌಸ್ ಆಫ್ ಲಾರ್ಡ್ಸ್ ಆ ತೀರ್ಪನ್ನು ತಳ್ಳಿಹಾಕಿತು. ಅಲ್ಲಿಂದಾಚೆಗೆ ಸಿವಿಲ್ ಮೇಲ್ಮನವಿಗಳಿಗೆ ಲಂಡನ್ ದಾರಿಯಾಯಿತು. ಕ್ರಿಮಿನಲ್ ಮೇಲ್ಮನವಿಗಳನ್ನು ಮಾತ್ರ ಲಾರ್ಡ್ಸ್ ಒಳಗೆ ಬಿಟ್ಟುಕೊಳ್ಳಲಿಲ್ಲ. 1876ರಲ್ಲಿ ಅದನ್ನು ಖಂಡಿತವಾಗಿ ಹೇಳಿಯೂ ಹೇಳಿತು. ಹೀಗೆ ಈ ಇಬ್ಭಾಗವನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ.

ಕೆಳಗಿನ ಮೆಟ್ಟಿಲುಗಳಲ್ಲಿ ಸಿವಿಲ್, ಕ್ರಿಮಿನಲ್ ಎಂಬ ಗೋಡೆ ಇಷ್ಟು ಗಟ್ಟಿಯಾಗಿಲ್ಲ. ತೀರ ಕೆಳಗೆ ಜಸ್ಟಿಸ್ ಆಫ್ ದಿ ಪೀಸ್ ಕೋರ್ಟುಗಳಿವೆ. ಅಲ್ಲಿ ಕೂರುವವರು ವಕೀಲಿಕೆ ಓದದ ಸಾಮಾನ್ಯ ನಾಗರಿಕರು. ಕಾನೂನು ಬಲ್ಲ ಸಲಹೆಗಾರರೊಬ್ಬರು ಜೊತೆಗಿರುತ್ತಾರೆ. ಸಣ್ಣಪುಟ್ಟ ಅಪರಾಧಗಳಿಗೆ ಸಾಮಾನ್ಯವಾಗಿ 60 ದಿನಗಳವರೆಗೆ ಜೈಲು, 2,500 ಪೌಂಡ್‌ವರೆಗೆ ದಂಡ ವಿಧಿಸುವಷ್ಟೇ ಅವರ ಅಧಿಕಾರ. ಅದರ ಮೇಲಿನದು ಶೆರಿಫ್ ಕೋರ್ಟ್. ಸ್ಕಾಟ್ಲೆಂಡಿನ ನ್ಯಾಯದಾನದ ನಿಜವಾದ ಭಾರ ಹೊತ್ತಿರುವುದು ಇದೇ. ಶೆರಿಫ್ ಅಂದರೆ ಕುದುರೆಯೇರಿ ಕಳ್ಳರನ್ನು ಅಟ್ಟುವ ಸಿನಿಮಾ ಶೆರಿಫ್ ಅಲ್ಲ, ಕಾನೂನು ಪಾರಂಗತರಾದ ನ್ಯಾಯಾಧೀಶರು. ಆರು ಶೆರಿಫ್ ಪ್ರಾಂತ್ಯಗಳಲ್ಲಿ 39 ಶೆರಿಫ್ ಕೋರ್ಟುಗಳಿವೆ. ವಿಚ್ಛೇದನ, ದತ್ತು, ಸಾಲ ವಸೂಲಿ, ಮನೆ ತೆರವು, ಹೊಡೆದಾಟ, ಕಳ್ಳತನ ಎಲ್ಲವೂ ಇಲ್ಲಿಗೇ ಬರುತ್ತವೆ. 1,00,000 ಪೌಂಡ್‌ವರೆಗಿನ ಹಣದ ದಾವೆಗಳನ್ನು ಇಲ್ಲೇ ಹೂಡಬೇಕು. ಶೆರಿಫ್ ಒಬ್ಬರೇ ಕೂತಾಗ ಸಾಮಾನ್ಯವಾಗಿ ಒಂದು ವರ್ಷದವರೆಗೆ, ಜ್ಯೂರಿ ಜೊತೆ ಕೂತಾಗ ಐದು ವರ್ಷದವರೆಗೆ ಜೈಲು ವಿಧಿಸಬಲ್ಲರು. ಕೆಲಸದ ಜಾಗದಲ್ಲಿ ಅಪಘಾತದಿಂದ ಯಾರಾದರೂ ಸತ್ತರೆ ಅದರ ಬಹಿರಂಗ ವಿಚಾರಣೆ ನಡೆಸುವವರೂ ಶೆರಿಫರೇ.

ಇಷ್ಟು ಬಗೆಯ ವ್ಯಾಜ್ಯಗಳು ಒಬ್ಬರ ಮುಂದೆ ಬರುವುದರಲ್ಲಿ ದೊಡ್ಡ ಗುಣವಿದೆ. ಕುಡಿತದ ಜಗಳಕ್ಕೆ ಶಿಕ್ಷೆ ಕೊಡುವ ನ್ಯಾಯಾಧೀಶರಿಗೆ ಅದೇ ಊರಿನ ಮನೆಗಳು ಬಾಡಿಗೆ ಬಾಕಿಗೆ ಹೇಗೆ ಖಾಲಿಯಾಗುತ್ತಿವೆ ಎಂಬುದೂ ಗೊತ್ತಿರುತ್ತದೆ. ಆದ್ದರಿಂದಲೇ 2013ರಲ್ಲಿ ಹತ್ತು ಶೆರಿಫ್ ಕೋರ್ಟುಗಳನ್ನು ಮುಚ್ಚಲು ತೀರ್ಮಾನಿಸಿದ್ದು ನನಗೆ ಇಂದಿಗೂ ಸರಿಕಾಣುವುದಿಲ್ಲ. ಬ್ಯೂಟ್ ದ್ವೀಪದ ರಾತ್ಸೆ ಊರಿನ ಕೋರ್ಟು ಮುಚ್ಚಿದ ಮೇಲೆ ಅಲ್ಲಿಯವರು ದೋಣಿ ಹತ್ತಿ ಸಮುದ್ರ ದಾಟಿ ಗ್ರೀನಕ್‌ಗೆ ಹೋಗಬೇಕಾಯಿತು. ಕೂಲಿ ಬಿಟ್ಟು ಸಾಕ್ಷಿ ಹೇಳಲು ಹೋಗುವವರಿಗೆ ಇದು ಸಣ್ಣ ಮಾತಲ್ಲ.

ಆದರೂ ಹತ್ತಿರವಿದ್ದರೆ ಸಾಕು, ನ್ಯಾಯ ತಾನಾಗಿ ಸಿಗುತ್ತದೆ ಎಂದು ನಂಬುವಂತಿಲ್ಲ. ಜೋಸೆಫ್ ನೈಟ್‌ನ ಕಥೆ ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಆಫ್ರಿಕಾದಲ್ಲಿ ಹುಟ್ಟಿದ ಅವನನ್ನು ಜಮೈಕಾದಲ್ಲಿ ಜಾನ್ ವೆಡರ್ಬರ್ನ್ ಎಂಬ ತೋಟದ ಮಾಲೀಕ ಕೊಂಡು, 1769ರಲ್ಲಿ ಸ್ಕಾಟ್ಲೆಂಡಿನ ಪರ್ತ್‌ಶೈರ್‌ಗೆ ಕರೆತಂದ. ಅಲ್ಲಿ ನೈಟ್ ಒಬ್ಬ ಮನೆಗೆಲಸದ ಹುಡುಗಿಯನ್ನು ಮದುವೆಯಾಗಿ, ಬೇರೆ ಸಂಸಾರ ಹೂಡಲು ಹೊರಟಾಗ ಯಜಮಾನ ಬಿಡಲಿಲ್ಲ. ಊರಿನ ಜಸ್ಟಿಸ್ ಆಫ್ ದಿ ಪೀಸ್‌ಗಳು ಯಜಮಾನನ ಪರ ನಿಂತರು. ಆ ಕಾಲದಲ್ಲಿ ಆ ಹುದ್ದೆಯಲ್ಲಿದ್ದವರು ಹೆಚ್ಚಾಗಿ ಅವನಂಥ ಜಮೀನುದಾರರೇ. ನೈಟ್ ಮೇಲಿನ ಮೆಟ್ಟಿಲೇರಿದ. ಗುಲಾಮಗಿರಿಯನ್ನು ಈ ನಾಡಿನ ಕಾನೂನು ಮಾನ್ಯ ಮಾಡುವುದಿಲ್ಲವೆಂದು ಶೆರಿಫ್ ಜಾನ್ ಸ್ವಿಂಟನ್ 1774ರಲ್ಲಿ ತೀರ್ಪಿತ್ತ. ಯಜಮಾನ ಕೋರ್ಟ್ ಆಫ್ ಸೆಷನ್‌ಗೆ ಹೋದ, 1778ರಲ್ಲಿ ಅಲ್ಲೂ ಸೋತ. ನೈಟ್‌ನನ್ನು ಬಿಡಿಸಿದ್ದು ಪಕ್ಕದ ಮನೆಯವರ ಪರಿಚಯಕ್ಕೆ ಕಟ್ಟುಬೀಳದ, ವೃತ್ತಿಯಿಂದಲೇ ನ್ಯಾಯಾಧೀಶನಾದ ಶೆರಿಫ್. ಅಂಥ ಶೆರಿಫರಿಗೂ ಒಂದು ಹಿನ್ನೆಲೆಯಿದೆ. 1745ರ ಜಾಕೊಬೈಟ್ ಬಂಡಾಯ ಅಡಗಿದ ಮೇಲೆ, ಪಾಳೆಯಗಾರರಿಗೆ ವಂಶಪಾರಂಪರ್ಯವಾಗಿ ಬಂದಿದ್ದ ನ್ಯಾಯಾಧಿಕಾರವನ್ನು ಕಿತ್ತು, ಆ ಜಾಗಕ್ಕೆ ವಕೀಲರನ್ನು ನೇಮಿಸಲಾಗಿತ್ತು.

ಕೋರ್ಟ್ ಆಫ್ ಸೆಷನ್ ಎಂದ ಕೂಡಲೇ ನಮ್ಮ ಸೆಷನ್ಸ್ ಕೋರ್ಟು ನೆನಪಾಗಬಾರದು. ಇದು ಸಿವಿಲ್ ಮೊಕದ್ದಮೆಗಳ ಅತ್ಯುಚ್ಚ ಸ್ಕಾಟಿಷ್ ನ್ಯಾಯಾಲಯ. ಐದನೆಯ ಜೇಮ್ಸ್ 1532ರಲ್ಲಿ ಸ್ಥಾಪಿಸಿದ್ದು. ಎಡಿನ್‌ಬರೊದಲ್ಲಿ ಹಳೆಯ ಸಂಸತ್ತಿದ್ದ ಕಟ್ಟಡದಲ್ಲೇ ಇಂದಿಗೂ ಕೂರುತ್ತದೆ. ಮರದ ತೊಲೆಗಳ ಎತ್ತರದ ಚಾವಣಿಯ ಕೆಳಗೆ ವಕೀಲರು ಜೋಡಿಜೋಡಿಯಾಗಿ ಆ ತುದಿಯಿಂದ ಈ ತುದಿಗೆ ಅಡ್ಡಾಡುತ್ತಲೇ ಮಾತಾಡುತ್ತಾರೆ, ಕಕ್ಷಿದಾರರ ಗುಟ್ಟು ಇನ್ನೊಬ್ಬರ ಕಿವಿಗೆ ಬೀಳದಿರಲೆಂದು. ಹೊಸ ಮೊಕದ್ದಮೆಗಳನ್ನು ಔಟರ್ ಹೌಸ್‌ನಲ್ಲಿ ನ್ಯಾಯಮೂರ್ತಿಯೊಬ್ಬರು ಆಲಿಸುತ್ತಾರೆ. ಮೇಲ್ಮನವಿ ಇನ್ನರ್ ಹೌಸ್‌ನದು, ಅಲ್ಲಿ ಸಾಮಾನ್ಯವಾಗಿ ಮೂವರು ಕೂರುತ್ತಾರೆ.

ಲಂಡನ್ನಿನ ಬಾಗಿಲು ಸ್ಕಾಟ್ಲೆಂಡಿಗೆ ಏನು ಕೊಟ್ಟಿತು ಎಂಬುದಕ್ಕೆ ಕರ್ನಾಟಕದ ಕಾನೂನು ಕಾಲೇಜುಗಳಲ್ಲೂ ಓದಿಸುವ ಒಂದು ಮೊಕದ್ದಮೆಯೇ ಸಾಕ್ಷಿ. 1928ರ ಆಗಸ್ಟಿನಲ್ಲಿ ಗ್ಲಾಸ್ಗೊ ಬಳಿಯ ಪೇಸ್ಲಿಯ ಒಂದು ಕೆಫೆಯಲ್ಲಿ ಮೇ ಡೊನಹ್ಯೂ ಎಂಬ ಬಡ ಹೆಂಗಸಿಗೆ ಗೆಳತಿಯೊಬ್ಬಳು ಜಿಂಜರ್ ಬಿಯರ್ ಕೊಡಿಸಿದಳು. ಬಾಟಲಿ ಕಪ್ಪು ಬಣ್ಣದ್ದು, ಒಳಗಿದ್ದದ್ದು ಕಾಣದು. ಅರ್ಧ ಕುಡಿದ ಮೇಲೆ ಉಳಿದದ್ದನ್ನು ಬಗ್ಗಿಸಿದಾಗ ಕೊಳೆತ ಬಸವನಹುಳು ಹೊರಬಿತ್ತು ಎಂಬುದು ಅವಳ ದೂರು. ದುಡ್ಡು ಕೊಟ್ಟವಳು ಗೆಳತಿಯಾದ್ದರಿಂದ ಇವಳಿಗೂ ಅಂಗಡಿಯವನಿಗೂ ಕರಾರಿಲ್ಲ, ತಯಾರಕನಿಗಂತೂ ಇಲ್ಲವೇ ಇಲ್ಲ. ಔಟರ್ ಹೌಸ್ ಅವಳ ದಾವೆಯನ್ನು ಒಪ್ಪಿತು. ಇನ್ನರ್ ಹೌಸ್ ಅದಕ್ಕೂ ಹಿಂದೆ ಜಿಂಜರ್ ಬಿಯರಿನಲ್ಲಿ ಇಲಿ ಸಿಕ್ಕಿದ್ದ ಪ್ರಕರಣದಲ್ಲಿ ತಾನೇ ಕೊಟ್ಟ ತೀರ್ಪಿಗೆ ಅಂಟಿಕೊಂಡು ವಜಾ ಮಾಡಿತು. ಅವಳು ನಿರ್ಗತಿಕಳೆಂದು ಘೋಷಿಸಿಕೊಂಡು ಹೌಸ್ ಆಫ್ ಲಾರ್ಡ್ಸ್‌ಗೆ ಹೋದಳು. 1932ರಲ್ಲಿ ಐವರಲ್ಲಿ ಮೂವರು ಅವಳ ಪರ ನಿಂತರು. ಸರಕು ತಯಾರಿಸುವವನು ಅದನ್ನು ಬಳಸುವವರಿಗೆ ಹೊಣೆ ಎಂಬ ತತ್ವ ಅಲ್ಲಿಂದ ಲೋಕವೆಲ್ಲ ಹರಡಿತು. ಆ ಮೂವರಲ್ಲಿ ಇಬ್ಬರು ಸ್ಕಾಟ್ಲೆಂಡಿನವರೇ ಎಂಬುದನ್ನು ಮರೆಯಬಾರದು. 1707ರ ನಂತರದ ಸುಮಾರು ಒಂದೂವರೆ ಶತಮಾನ, ಸ್ಕಾಟಿಷ್ ಕಾನೂನು ಕಲಿಯದ ಇಂಗ್ಲಿಷ್ ನ್ಯಾಯಾಧೀಶರೇ ಸ್ಕಾಟಿಷ್ ಮೇಲ್ಮನವಿಗಳನ್ನು ತೀರ್ಮಾನಿಸುತ್ತಿದ್ದರು. ಅದರ ಬಗ್ಗೆ ಸ್ಕಾಟರಿಗಿದ್ದ ಸಿಟ್ಟು ನ್ಯಾಯವಾದದ್ದೇ. ಹೊರಗಿನ ಕಣ್ಣು ಬೇಕು, ಆದರೆ ಒಳಗಿನದು ತಿಳಿದ ಕಣ್ಣಾಗಿರಬೇಕು.

ಕ್ರಿಮಿನಲ್ ಕಡೆಗೆ ಈ ಕಣ್ಣು ಬಹುಕಾಲ ಬೀಳಲೇ ಇಲ್ಲ. ಅಲ್ಲಿ ಮೇಲಿನದು 1672ರಲ್ಲಿ ರೂಪುಗೊಂಡ ಹೈಕೋರ್ಟ್ ಆಫ್ ಜಸ್ಟಿಷಿಯರಿ. ನ್ಯಾಯಮೂರ್ತಿಗಳು ಕೋರ್ಟ್ ಆಫ್ ಸೆಷನ್ನಿನವರೇ, ನಿಲುವಂಗಿ ಮಾತ್ರ ಬೇರೆ. ಕೊಲೆ, ಅತ್ಯಾಚಾರದಂಥ ಘೋರ ಅಪರಾಧಗಳ ವಿಚಾರಣೆಯೂ ಇಲ್ಲೇ, ಮೇಲ್ಮನವಿಯೂ ಇಲ್ಲೇ. ಜ್ಯೂರಿಯಲ್ಲಿ 15 ಜನ. ಶತಮಾನಗಳ ಕಾಲ ಅವರಲ್ಲಿ ಎಂಟು ಜನ ಒಪ್ಪಿದರೆ ಸಾಕಿತ್ತು. ಎರಡು ಸ್ವತಂತ್ರ ಮೂಲಗಳಿಂದ ಸಾಕ್ಷ್ಯ ಬರಬೇಕೆಂಬ ನಿಯಮ ಅದನ್ನು ಸರಿದೂಗಿಸುತ್ತದೆ ಎಂಬ ನಂಬಿಕೆ ಇತ್ತು. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, 1926ರವರೆಗೆ ಜ್ಯೂರಿ ತಪ್ಪಿತಸ್ಥನೆಂದವನಿಗೆ ಮೇಲ್ಮನವಿಯ ಕೋರ್ಟೇ ಇರಲಿಲ್ಲ.

ಅದರ ಬೆಲೆ ತೆತ್ತವನು ಆಸ್ಕರ್ ಸ್ಲೇಟರ್. ಜರ್ಮನಿಯಿಂದ ಬಂದ ಯಹೂದಿ. 1908ರ ಡಿಸೆಂಬರಿನಲ್ಲಿ ಗ್ಲಾಸ್ಗೊದಲ್ಲಿ ಶ್ರೀಮಂತ ವೃದ್ಧೆಯೊಬ್ಬಳ ಕೊಲೆಯಾಗಿ ಒಂದು ವಜ್ರದ ಒಡವೆ ಕಾಣೆಯಾಯಿತು. ಸ್ಲೇಟರ್ ಒಡವೆಯೊಂದನ್ನು ಗಿರವಿಯಿಟ್ಟಿದ್ದಾನೆಂಬ ಸುಳಿವಿನಿಂದ ಪೊಲೀಸರು ಅವನ ಬೆನ್ನುಹತ್ತಿದರು. ಅವನ ಒಡವೆ ಕೊಲೆಗೆ ಮುಂಚೆಯೇ ಗಿರವಿ ಅಂಗಡಿ ಸೇರಿತ್ತೆಂದು ತಿಳಿದ ಮೇಲೂ ಬಿಡಲಿಲ್ಲ. ಜ್ಯೂರಿಯಲ್ಲಿ ಒಂಬತ್ತು ಜನ ಅಪರಾಧಿ ಎಂದರು, ಐವರು ಸಾಬೀತಾಗಿಲ್ಲ ಎಂದರು, ಒಬ್ಬರು ನಿರಪರಾಧಿ ಎಂದರು. ಗಲ್ಲಿಗೇರಿಸುವ ದಿನಕ್ಕೆ ಎರಡು ದಿನ ಮುಂಚೆ ಶಿಕ್ಷೆ ಜೀವಾವಧಿಗೆ ಇಳಿಯಿತು. ಕಾದಂಬರಿಕಾರ ಆರ್ಥರ್ ಕಾನನ್ ಡಾಯ್ಲ್ ಅವನಿಗಾಗಿ ವರ್ಷಗಟ್ಟಲೆ ಹೋರಾಡಿದರು. 18 ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ ಮೇಲೆ ಅವನ ಪ್ರಕರಣಕ್ಕಾಗಿ ವಿಶೇಷ ಕಾಯ್ದೆ ಮಾಡಬೇಕಾಯಿತು; 1928ರಲ್ಲಿ ಅಪರಾಧ ನಿರ್ಣಯ ರದ್ದಾಯಿತು. ಒಳಗಿನವರ ಮಾತೇ ಕಡೆಯ ಮಾತಾದರೆ ಏನಾದೀತು ಎನ್ನುವವರು ಸ್ಲೇಟರನ ಆ ವರ್ಷಗಳನ್ನು ಎದುರಿಗಿಟ್ಟುಕೊಂಡು ಮಾತಾಡಬೇಕು.

ಸ್ಕಾಟ್ಲೆಂಡಿಗೆ ಮತ್ತೆ ಸಂಸತ್ತು ಬಂದಾಗ, ಅದನ್ನು ತಂದ 1998ರ ಕಾಯ್ದೆಯ ಮೂಲಕ ಮಾನವ ಹಕ್ಕಿನ ಪ್ರಶ್ನೆಗಳು ಲಂಡನ್ನಿಗೆ ಹೋಗುವ ಒಂದು ಕಿಂಡಿ ತೆರೆಯಿತು. ಅದರ ಬಿಸಿ ತಟ್ಟಿದ್ದು 2010ರ ಕ್ಯಾಡರ್ ಪ್ರಕರಣದಲ್ಲಿ. ಆವರೆಗೆ ಸ್ಕಾಟಿಷ್ ಪೊಲೀಸರು ಶಂಕಿತನನ್ನು ವಕೀಲರ ನೆರವಿಲ್ಲದೆ ಆರು ಗಂಟೆ ಕೂರಿಸಿಕೊಂಡು ಪ್ರಶ್ನಿಸಬಹುದಿತ್ತು. ನಮ್ಮಲ್ಲಿ ಬೇರೆ ರಕ್ಷಣೆಗಳಿವೆ, ಇದರಿಂದ ಅನ್ಯಾಯವೇನಿಲ್ಲ ಎಂದು ಹಿಂದಿನ ವರ್ಷವಷ್ಟೇ ಹೈಕೋರ್ಟಿನ ಏಳು ನ್ಯಾಯಮೂರ್ತಿಗಳು ಹೇಳಿದ್ದರು. ಅಷ್ಟರಲ್ಲಿ ಹೌಸ್ ಆಫ್ ಲಾರ್ಡ್ಸ್ ಜಾಗಕ್ಕೆ ಬಂದಿದ್ದ ಸುಪ್ರೀಂ ಕೋರ್ಟಿನ ಏಳು ಮಂದಿ ಒಮ್ಮತದಿಂದ ಅದನ್ನು ಅಲ್ಲಗಳೆದರು. ಎಡಿನ್‌ಬರೊ ಸಂಸತ್ತು ಮಾರನೆಯ ದಿನವೇ ತುರ್ತು ಕಾಯ್ದೆ ಮಾಡಿತು, ನೂರಾರು ಮೊಕದ್ದಮೆಗಳು ಬಿದ್ದುಹೋದವು. ಮುಂದಿನ ವರ್ಷ ಫ್ರೇಸರ್ ಎಂಬ ಕೊಲೆ ಪ್ರಕರಣದಲ್ಲಿ, ಪ್ರಾಸಿಕ್ಯೂಷನ್ ಮುಖ್ಯ ಮಾಹಿತಿಯನ್ನು ಆರೋಪಿಗೆ ತಿಳಿಸಿರಲಿಲ್ಲವೆಂದು ಸುಪ್ರೀಂ ಕೋರ್ಟು ಮತ್ತೆ ಮಧ್ಯೆ ಬಂದಾಗ, ಫಸ್ಟ್ ಮಿನಿಸ್ಟರ್ ಅಲೆಕ್ಸ್ ಸ್ಯಾಮಂಡ್ ಬಹಿರಂಗವಾಗಿಯೇ ಸಿಡಿದೆದ್ದರು. ನಮ್ಮ ಕ್ರಿಮಿನಲ್ ಕಾನೂನಿನಲ್ಲಿ ಲಂಡನ್ನಿಗೇನು ಕೆಲಸ ಎಂಬುದು ಅವರ ಪ್ರಶ್ನೆ.

ಆ ಸಿಟ್ಟನ್ನು ಅರ್ಥಮಾಡಿಕೊಳ್ಳಬಹುದು, ಒಪ್ಪಲಾಗದು. ಕ್ಯಾಡರ್ ಪೀಠದಲ್ಲಿ ಪ್ರಮುಖ ತೀರ್ಪು ಬರೆದ ಲಾರ್ಡ್ ಹೋಪ್ ಮತ್ತು ಲಾರ್ಡ್ ರಾಜರ್ ಇಬ್ಬರೂ ಹಿಂದೆ ಸ್ಕಾಟ್ಲೆಂಡಿನ ನ್ಯಾಯಾಂಗದ ಮುಖ್ಯಸ್ಥರಾಗಿದ್ದವರು. ಫ್ರೇಸರ್ ಪ್ರಕರಣದಲ್ಲಿ ಲಂಡನ್ ಆರೋಪಿಯನ್ನು ಬಿಟ್ಟುಬಿಡಲಿಲ್ಲ. ಪ್ರಕರಣವನ್ನು ಎಡಿನ್‌ಬರೊಗೆ ಹಿಂದಿರುಗಿಸಿತು, 2012ರಲ್ಲಿ ಮರುವಿಚಾರಣೆಯಾಗಿ ಸ್ಕಾಟಿಷ್ ಜ್ಯೂರಿ ಅವನನ್ನು ಮತ್ತೆ ಅಪರಾಧಿ ಎಂದಿತು. 2012ರ ಕಾಯ್ದೆ ಇದನ್ನೇ ನಿಯಮವಾಗಿಸಿತು. ಹಕ್ಕಿನ ಕಾನೂನು ಪ್ರಶ್ನೆಗೆ ಮಾತ್ರ ಸುಪ್ರೀಂ ಕೋರ್ಟು ಉತ್ತರಿಸುತ್ತದೆ, ಅಪರಾಧಿ ಹೌದೋ ಅಲ್ಲವೋ ಎಂಬುದು ಹೈಕೋರ್ಟಿಗೇ ವಾಪಸಾಗುತ್ತದೆ.

ಉಳಿದ ಬದಲಾವಣೆಗಳನ್ನು ಸ್ಕಾಟ್ಲೆಂಡ್ ತಾನೇ ಮಾಡಿಕೊಳ್ಳಬಲ್ಲದು, ಮಾಡಿಕೊಂಡೂ ಇದೆ. ‘ಸಾಬೀತಾಗಿಲ್ಲ’ ಎಂಬ ಮೂರನೆಯ ತೀರ್ಪನ್ನು ತೆಗೆದು, ಅಪರಾಧಿ ಎನ್ನಲು 15ರಲ್ಲಿ ಹತ್ತು ಜನ ಒಪ್ಪಬೇಕೆಂಬ ಮಸೂದೆಯನ್ನು ಎಡಿನ್‌ಬರೊ ಸಂಸತ್ತು 2025ರ ಸೆಪ್ಟೆಂಬರಿನಲ್ಲಿ ಅಂಗೀಕರಿಸಿತು. ಸ್ಲೇಟರನ ವಿರುದ್ಧ ಬಿದ್ದ ಒಂಬತ್ತು ಮತಗಳು ಈ ನಿಯಮದಲ್ಲಿ ಸಾಲುತ್ತಿರಲಿಲ್ಲ. ಕಲಿಸುವ ಕೆಲಸ ಒಮ್ಮುಖವೂ ಅಲ್ಲ. 2019ರಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಸಲಹೆಯ ಮೇಲೆ ಲಂಡನ್ನಿನ ಸಂಸತ್ತಿನ ಅಧಿವೇಶನ ಮುಂದೂಡಿದಾಗ, ಇದು ಕೋರ್ಟುಗಳ ವಿಷಯವೇ ಅಲ್ಲ ಎಂದು ಇಂಗ್ಲೆಂಡಿನ ಹೈಕೋರ್ಟು ಕೈತೊಳೆದುಕೊಂಡಿತು. ಎಡಿನ್‌ಬರೊದ ಇನ್ನರ್ ಹೌಸ್ ಅದನ್ನು ಕಾನೂನುಬಾಹಿರ ಎಂದಿತು. ಎರಡು ವಾರದೊಳಗೆ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಅದೇ ನಿಲುವಿಗೆ ಬಂದರು.

ಒಂದು ಬೇಡಿಕೆ ಉಳಿದಿದೆ. ಇದು ಸಾರ್ವಜನಿಕ ಮಹತ್ವದ ಕಾನೂನು ಪ್ರಶ್ನೆ ಎಂದು ಹೈಕೋರ್ಟೇ ಪ್ರಮಾಣೀಕರಿಸಿದರೆ ಮಾತ್ರ ಕ್ರಿಮಿನಲ್ ಪ್ರಕರಣ ಲಂಡನ್ನಿಗೆ ಹೋಗಬೇಕು ಎಂದು 2011ರಲ್ಲಿ ಲಾರ್ಡ್ ಮೆಕ್ಲಸ್ಕಿ ಅಧ್ಯಕ್ಷತೆಯ ತಂಡ ಶಿಫಾರಸು ಮಾಡಿತ್ತು. ಇಂಗ್ಲೆಂಡಿನ ಕ್ರಿಮಿನಲ್ ಮೇಲ್ಮನವಿಗಳಿಗೆ ಈ ಶರತ್ತು ಇದೆ, ನಮಗೇಕಿಲ್ಲ ಎಂಬ ಸ್ಕಾಟರ ಪ್ರಶ್ನೆ ಕೇಳಲು ನ್ಯಾಯವಾಗಿಯೇ ಇದೆ. 2012ರ ಕಾಯ್ದೆ ಅದನ್ನು ಸೇರಿಸಿಕೊಳ್ಳಲಿಲ್ಲ. ಹೈಕೋರ್ಟ್ ಅನುಮತಿ ಕೊಡದಿದ್ದರೆ ಸುಪ್ರೀಂ ಕೋರ್ಟನ್ನೇ ಕೇಳಬಹುದು ಎಂದಿತು. ಅದೇ ಸರಿ ಎನ್ನಲು ಕ್ಯಾಡರ್ ಪ್ರಕರಣವೊಂದೇ ಸಾಕು. ಅಲ್ಲಿ ಹೈಕೋರ್ಟ್ ಅನುಮತಿ ಕೊಟ್ಟಿರಲಿಲ್ಲ, ಕೊಟ್ಟದ್ದು ಸುಪ್ರೀಂ ಕೋರ್ಟ್. ಪ್ರಮಾಣಪತ್ರದ ನಿಯಮ ಆಗ ಇದ್ದಿದ್ದರೆ, ಠಾಣೆಯಲ್ಲಿ ಕೂತ ಶಂಕಿತರು ವಕೀಲರಿಗಾಗಿ ಇನ್ನೆಷ್ಟು ವರ್ಷ ಕಾಯಬೇಕಿತ್ತೋ. ಎರಡೂ ನಾಡುಗಳಿಗೆ ಒಂದೇ ನಿಯಮ ಬೇಕೆಂದಾದರೆ, ಆ ಶರತ್ತನ್ನು ಇಂಗ್ಲೆಂಡ್ ಕೈಬಿಡಲಿ.