ಧೂಳಿನ ಲೆಕ್ಕ ಯಾರ ಕೈಯಲ್ಲಿ?

ಕಾರ್ಖಾನೆಯೂ ಊರೂ ಕೂಡಿಕೊಂಡು ಧೂಳನ್ನು ತಗ್ಗಿಸಬೇಕೆಂಬ ಮಾತು ಈಗ ಎಲ್ಲ ವೇದಿಕೆಗಳಿಂದಲೂ ಕೇಳಿಬರುತ್ತಿದೆ. ಮಾಲೀಕರು ಹೇಳುತ್ತಾರೆ, ಅಧಿಕಾರಿಗಳು ಹೇಳುತ್ತಾರೆ, ಮಂತ್ರಿಗಳೂ ಹೇಳುತ್ತಾರೆ. ಮಾತು ಒಳ್ಳೆಯದೇ, ನಾವು ಅದನ್ನು ಬೇಡವೆನ್ನುವವರಲ್ಲ. ಆದರೆ ಸಹಕಾರವೆಂದು ಇವರು ಕರೆಯುತ್ತಿರುವುದು ಏನನ್ನು? ವರ್ಷಕ್ಕೊಮ್ಮೆ ಸಸಿ ನೆಡುವುದು, ಶಾಲೆಗೆ ನಾಲ್ಕು ಬೆಂಚು ಕೊಡುವುದು, ಸಾಹೇಬರು ಬರುವ ದಿನ ರಸ್ತೆಗೆ ಒಂದು ಟ್ಯಾಂಕರು ನೀರು ಹೊಡೆಯುವುದು. ಊರಿನ ಮೇಲೆ ಎಷ್ಟು ಧೂಳು ಬಿತ್ತೆಂಬ ಲೆಕ್ಕ ಮಾತ್ರ ಗೇಟಿನ ಒಳಗೇ ಉಳಿಯುತ್ತದೆ. ಲೆಕ್ಕ ಒಬ್ಬರ ಕಪಾಟಿನಲ್ಲಿ, ಧೂಳು ಇನ್ನೊಬ್ಬರ ಎದೆಯಲ್ಲಿ ಇರುವವರೆಗೆ ಇದನ್ನು ಸಹಕಾರವೆಂದು ಒಪ್ಪಲು ನಾವು ಸಿದ್ಧರಿಲ್ಲ.

ಹಾಗಾದರೆ ನಿಜವಾದ ಸಹಕಾರ ಎಲ್ಲಿಯಾದರೂ ನಡೆದಿದೆಯೆ? ನಡೆದಿದೆ. ಜಪಾನಿನ ಕಿಟಾಕ್ಯೂಶೂ ಪಟ್ಟಣದ ಕಥೆಯನ್ನು ವಾಚಕರ ಮುಂದಿಡುತ್ತೇವೆ. ಬಳ್ಳಾರಿ–ಹೊಸಪೇಟೆ ಸೀಮೆಯ ಅದಿರು ಜಪಾನಿನ ಕುಲುಮೆಗಳಿಗೆ ಹಡಗುಗಟ್ಟಲೆ ಹೋಗಿದೆ. ಆ ಕುಲುಮೆಗಳ ನೆರಳಲ್ಲಿ ಬದುಕಿದ ಜನ ಏನು ಮಾಡಿದರೆಂಬುದು ನಮಗೆ ತಿಳಿದಿರಬೇಡವೆ?

1901ರಲ್ಲಿ ಅಲ್ಲಿನ ಯಾವಾತಾದಲ್ಲಿ ಸರ್ಕಾರಿ ಉಕ್ಕಿನ ಕಾರ್ಖಾನೆ ಕೆಲಸ ಆರಂಭಿಸಿತು. ಅದರ ಸುತ್ತ ಒಂದಾದ ಮೇಲೊಂದು ಚಿಮಣಿ ಎದ್ದಿತು. ಬಣ್ಣಬಣ್ಣದ ಹೊಗೆಯನ್ನು ಊರವರು ಏಳಿಗೆಯ ಗುರುತೆಂದು ಹೊಗಳಿದ ಕಾಲವೂ ಇತ್ತು. 1960ರ ದಶಕದ ನಡುವಿನ ಹೊತ್ತಿಗೆ ಶಿರೋಯಾಮಾ ಎಂಬ ಭಾಗದಲ್ಲಿ ಚದರ ಕಿಲೋಮೀಟರಿಗೆ ತಿಂಗಳಿಗೆ ಸರಾಸರಿ 80 ಟನ್ ಧೂಳು ಬೀಳುತ್ತಿತ್ತು. ಈ ಅಂಕಿಯನ್ನು ಮನೆಯ ಲೆಕ್ಕಕ್ಕೆ ಇಳಿಸಿ ನೋಡಿ: ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲದ ಒಂದು ಮಾಳಿಗೆಯ ಮೇಲೆ ತಿಂಗಳಿಗೆ ಎಂಟು ಕಿಲೋ. ಪಕ್ಕದ ದೋಕಾಯ್ ಕೊಲ್ಲಿಯನ್ನು ಜನ ಸಾವಿನ ಸಮುದ್ರವೆಂದೇ ಕರೆದರು.

ಇದಕ್ಕೆ ಮೊದಲು ಎದ್ದು ನಿಂತವರು ವಿಜ್ಞಾನಿಗಳಲ್ಲ, ರಾಜಕೀಯ ಪಕ್ಷಗಳೂ ಅಲ್ಲ (ನಮ್ಮಂಥವರಿಗೆ ಇದು ಸ್ವಲ್ಪ ಚುರುಕು ಮುಟ್ಟಿಸುವ ಸಂಗತಿ). ತೊಬಾತಾ ಎಂಬ ಕಡೆಯ ಗೃಹಿಣಿಯರ ಸಂಘದವರು. 1950ರಲ್ಲೇ ಅಲ್ಲಿನ ಒಂದು ಬಡಾವಣೆಯ ತಾಯಂದಿರು, ಒಗೆದು ಹರವಿದ ಬಟ್ಟೆ ಸಂಜೆಗೆ ಕಪ್ಪಾಗುವುದನ್ನು ನೋಡಿ, ಪಕ್ಕದ ವಿದ್ಯುತ್ ಸ್ಥಾವರದ ಮೇಲೆ ದೂರು ಹೊತ್ತು ಪುರಸಭೆಗೆ ಹೋದರು. ಬರಿಗೈಯಲ್ಲಿ ಹೋಗಲಿಲ್ಲ, ಬಟ್ಟೆ ಎಷ್ಟು ಕೊಳೆಯಾಗುತ್ತದೆಂದು ತಾವೇ ತನಿಖೆ ಮಾಡಿ ಲೆಕ್ಕ ಹಿಡಿದುಕೊಂಡು ಹೋದರು. ಸ್ಥಾವರಕ್ಕೆ ಧೂಳು ಹಿಡಿಯುವ ಯಂತ್ರ ಬಂತು. ಮುಂದೆ ಅದೇ ಸಂಘಗಳು ಯಾಮಾಗುಚಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರಿಂದ ಪಾಠ ಹೇಳಿಸಿಕೊಂಡು, ಶಾಲಾಮಕ್ಕಳ ಗೈರುಹಾಜರಿಯನ್ನು ಗಾಳಿಯ ಕೊಳೆಯ ಜೊತೆಗಿಟ್ಟು ಹೋಲಿಸಿದವು. ‘ನಮಗೆ ನೀಲಿ ಆಕಾಶ ಬೇಕು’ ಎಂಬ ಹೆಸರಿನಲ್ಲಿ 1965ರಲ್ಲಿ ತಾವೇ ಒಂದು ಸಣ್ಣ ಚಲಚ್ಚಿತ್ರ ತೆಗೆದರು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಈ ಹೆಂಗಸರಲ್ಲಿ ಅನೇಕರ ಗಂಡಂದಿರು ದುಡಿಯುತ್ತಿದ್ದುದು ಅದೇ ಕಾರ್ಖಾನೆಗಳಲ್ಲಿ. ಗಲಾಟೆ ಮಾಡಿದರೆ ಗಂಡನ ಕೆಲಸಕ್ಕೆ ಕುತ್ತು ಬಂದೀತೆಂಬ ಅಂಜಿಕೆ ಅವರಿಗೂ ಇರಲಿಲ್ಲವೆ? ಧೂಳಿನ ಮಾತೆತ್ತಿದೊಡನೆ ‘ಹಾಗಾದರೆ ಕಾರ್ಖಾನೆ ಮುಚ್ಚೋಣವೆ?’ ಎಂದು ಕೇಳುವ ಚಾಳಿ ನಮ್ಮ ಜಿಲ್ಲೆಯಲ್ಲಿ ಬಹಳ ಬಲವಾಗಿದೆ. ಕೂಲಿಕಾರನನ್ನೂ ಅವನ ನೆರೆಯವನನ್ನೂ ಎದುರುಬದುರು ನಿಲ್ಲಿಸಲು ಮಾಲೀಕರಿಗೆ ಇದಕ್ಕಿಂತ ಅಗ್ಗದ ಆಯುಧ ಬೇಕಿಲ್ಲ. ತೊಬಾತಾದ ತಾಯಂದಿರು ಕಾರ್ಖಾನೆ ಮುಚ್ಚಿಸಿ ಊರು ಉಳಿಸಿದವರಲ್ಲ. ನಡೆಯುವ ಕಾರ್ಖಾನೆಯ ಬಾಯಿಗೆ ಜರಡಿ ಕಟ್ಟಿಸಿದವರು.

ಇನ್ನೊಂದು ಕಡೆ, ಯೊಕೊಹಾಮಾದಲ್ಲಿ, 1963ರಲ್ಲಿ ಸಮಾಜವಾದಿ ಪಕ್ಷದ ಇಚಿಯೋ ಅಸುಕಾತಾ ನಗರಾಧ್ಯಕ್ಷರಾದರು. ಅಲ್ಲಿನ ಇಸೊಗೊದಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಬರುವುದಿತ್ತು, ನೆರೆಯವರು ಪ್ರತಿಭಟಿಸಿದ್ದರು. ಕಂಪನಿಯನ್ನು ತಡೆಯಲು ನಗರಸಭೆಗೆ ಕಾನೂನಿನ ಬಲ ಸಾಲದು. ಅಸುಕಾತಾ ಮಾಡಿದ್ದೇನೆಂದರೆ, 1964ರಲ್ಲಿ ಕಂಪನಿಯಿಂದ ಕರಾರು ಬರೆಸಿಕೊಂಡರು. ಧೂಳು ಹಿಡಿಯುವ ಯಂತ್ರ, ಚಿಮಣಿ, ಉರಿಸುವ ಕಲ್ಲಿದ್ದಲು ಇವುಗಳ ಬಗ್ಗೆ ಷರತ್ತು. ಜೊತೆಗೆ ನಗರಸಭೆಯವರು ಒಳಗೆ ಹೋಗಿ ತಪಾಸಣೆ ಮಾಡುವ ಅಧಿಕಾರ. ಇಂಥ ಕರಾರುಗಳು ಬಳಿಕ ಜಪಾನಿನ ಉದ್ದಗಲಕ್ಕೂ ಹರಡಿದವು. ಕಿಟಾಕ್ಯೂಶೂ ನಗರಸಭೆಯೂ ಕಾರ್ಖಾನೆಗಳೊಡನೆ ಕರಾರು ಮಾಡಿಕೊಂಡಿತು. 1990ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ಆ ಊರಿಗೆ ಪ್ರಶಸ್ತಿ ಕೊಟ್ಟರು.

ಆದರೆ ಜಪಾನನ್ನು ಕಣ್ಣು ಮುಚ್ಚಿ ಹೊಗಳುವವರೂ ನಾವಲ್ಲ. ಕಿಟಾಕ್ಯೂಶೂ 1972ರಿಂದ 1991ರವರೆಗೆ ಈ ಶುದ್ಧೀಕರಣಕ್ಕೆ ಸುರಿದದ್ದು ಸುಮಾರು 80,000 ಕೋಟಿ ಯೆನ್. ಚರಂಡಿ, ಹಸಿರು ಪಟ್ಟಿ ಎಲ್ಲ ಸೇರಿದ ಲೆಕ್ಕವೇನೋ ಹೌದು. ಆದರೂ ಅದರಲ್ಲಿ ಮೂರರಲ್ಲಿ ಎರಡು ಪಾಲು ಸಾರ್ವಜನಿಕ ಬೊಕ್ಕಸದ ಹಣ. ಲಾಭ ಕಂಪನಿಯದು, ಗುಡಿಸುವ ಕೂಲಿ ಊರಿನದು!

ಈಗ ನಮ್ಮ ಮಣ್ಣಿಗೆ ಬರೋಣ. ಸೊಂಡೂರಿನ ಕೆಂಧೂಳನ್ನು ವಾಚಕರಿಗೆ ಬಣ್ಣಿಸಬೇಕಾಗಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಅದಿರು ತೆಗೆಯಲು ಮಿತಿ ಹಾಕಿ, ಪ್ರತಿ ಗಣಿಗೂ ಪುನಶ್ಚೇತನ ಯೋಜನೆಯ ಷರತ್ತು ಹಾಕಿ, ಮತ್ತೆ ಬಿಟ್ಟಿತು. ಲಾರಿಯ ಬದಲು ಕನ್ವೇಯರು, ರೈಲು ಎಂಬ ಮಾತು ಆಗಿನಿಂದಲೂ ಇದೆ. ಪುನಶ್ಚೇತನಕ್ಕೆಂದು ಕೂಡಿಟ್ಟ ಹಣ ಸಾವಿರಾರು ಕೋಟಿ. ಇದೆಲ್ಲ ದೆಹಲಿಯಲ್ಲಿ, ಬೆಂಗಳೂರಿನಲ್ಲಿ ತೀರ್ಮಾನವಾದದ್ದು. ಲಾರಿ ಹಾಯುವ ಹಳ್ಳಿಯವರಿಗೆ ಆ ಮೇಜಿನ ಸುತ್ತ ಕುರ್ಚಿ ಎಲ್ಲಿತ್ತು? ಕಾರ್ಖಾನೆ ಬರುವ ಮುನ್ನ ಸಾರ್ವಜನಿಕ ಅಹವಾಲು ಎಂದು ಒಂದು ದಿನ ಶಾಮಿಯಾನ ಹಾಕಿ ಕೇಳುತ್ತಾರೆ. ಆಮೇಲೆ ಮೂವತ್ತು ವರ್ಷ ಕೇಳುವವರಿಲ್ಲ. ರಾತ್ರಿ ಹೊತ್ತು ಧೂಳು ಹಿಡಿಯುವ ಯಂತ್ರ ನಿಲ್ಲಿಸಿ ಕರೆಂಟು ಉಳಿಸುತ್ತಾರೆಂಬ ದೂರು ಕಾರ್ಖಾನೆ ಪಕ್ಕದ ಊರುಗಳಲ್ಲಿ ಸಾಮಾನ್ಯ. ಅದು ಸುಳ್ಳೋ ನಿಜವೋ ತೋರಿಸುವ ಕಾಗದ ಊರವರ ಕೈಯಲ್ಲಿಲ್ಲ.

ಆದುದರಿಂದ ನಮ್ಮ ಬೇಡಿಕೆ ಸರಳ. ಕಾರ್ಖಾನೆ, ಗ್ರಾಮ ಪಂಚಾಯಿತಿ, ಕಾರ್ಮಿಕ ಸಂಘ ಮೂವರೂ ಸಹಿ ಹಾಕಿದ ಕರಾರು ಬೇಕು. ಊರವರು ಆರಿಸಿದ ಸಮಿತಿಗೆ ಮುನ್ಸೂಚನೆಯಿಲ್ಲದೆ ಒಳಗೆ ಹೋಗಿ ನೋಡುವ ಹಕ್ಕು ಬೇಕು. ದಿನದ ಧೂಳಿನ ಅಂಕಿ ಕನ್ನಡದಲ್ಲಿ ಪಂಚಾಯಿತಿ ಗೋಡೆಯ ಮೇಲೆ ಬರಬೇಕು. ಪಕ್ಕದಲ್ಲೇ ಕಾನೂನಿನ ಮಿತಿಯೂ ಇರಲಿ. ಉಸಿರಿಗೆ ಹೋಗುವ ಪಿಎಂ 10 ಧೂಳಿಗೆ 2009ರ ರಾಷ್ಟ್ರೀಯ ಮಾನಕದಂತೆ 24 ಗಂಟೆಯ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ಖರ್ಚು ಕಾರ್ಖಾನೆಯದೇ ಆಗಬೇಕು.

ಅಲ್ಲಿಯವರೆಗೆ ಸುಮ್ಮನಿರಬೇಕಾಗಿಲ್ಲ. ಪರಿಸರ ಅನುಮತಿ ಪಡೆದ ಕಾರ್ಖಾನೆಗಳು ಷರತ್ತು ಪಾಲಿಸಿದ ವರದಿಯನ್ನು ವರ್ಷಕ್ಕೆರಡು ಸಲ, ಜೂನ್ 1ಕ್ಕೂ ಡಿಸೆಂಬರ್ 1ಕ್ಕೂ, ಸಲ್ಲಿಸಬೇಕೆಂದು 2006ರ ಕೇಂದ್ರ ಅಧಿಸೂಚನೆ ಹೇಳುತ್ತದೆ. ಅವು ಸಾರ್ವಜನಿಕ ದಾಖಲೆಗಳು. ನಮ್ಮ ತಾಲೂಕು ಕಾರ್ಯಕರ್ತರು ಅವುಗಳ ಪ್ರತಿ ಕೇಳಿ ತರಬೇಕು. ಗಣಿ ದಾರಿಯ, ಕಾರ್ಖಾನೆ ಪಕ್ಕದ ಶಾಲೆಗಳ ಮಾಸ್ತರರು ಹಾಜರಿ ಪುಸ್ತಕದಿಂದ ಕೆಮ್ಮು, ಉಬ್ಬಸಕ್ಕೆ ಗೈರಾದ ಮಕ್ಕಳ ಸಂಖ್ಯೆಯನ್ನು, ಹೆಸರಿಲ್ಲದೆ, ತಿಂಗಳುವಾರು ಬರೆದಿಡಲಿ. ಮನೆಯ ಮಾಳಿಗೆಯ ಮೇಲೆ ಒಂದು ಅಗಲವಾದ ತಟ್ಟೆ ಇಟ್ಟು ತಿಂಗಳ ಕೊನೆಗೆ ಧೂಳು ತೂಗುವುದು ಯಾವ ತಾಯಿಗೂ ಆಗದ ಕೆಲಸವಲ್ಲ. ತಟ್ಟೆಯ ಅಂಕಿ ಸರ್ಕಾರಿ ಯಂತ್ರದ ಅಂಕಿಗೆ ಸಮವಲ್ಲ. ಎದೆಗಿಳಿಯುವ ನವುರಾದ ಧೂಳು ಅದರಲ್ಲಿ ಪೂರ್ತಿ ಸಿಗುವುದೂ ಇಲ್ಲ. ಆದರೂ ಮುಂದಿನ ಗ್ರಾಮಸಭೆಯಲ್ಲಿ ಯಂತ್ರದ ಅಂಕಿ ಎಲ್ಲಿ ಎಂದು ಕೇಳಲು ಅಷ್ಟು ಸಾಕು. ಈ ಲೆಕ್ಕಗಳನ್ನು ಪತ್ರಿಕೆಯ ಕಚೇರಿಗೆ ಕಳಿಸಿದರೆ ಊರುವಾರಾಗಿ ಅಚ್ಚು ಹಾಕುತ್ತೇವೆ.