ಮೊಬೈಲಿನಲ್ಲಿ ಮಾತಿನ ಹೊರೆಯನ್ನು ಹೊರತಕ್ಕವರು ಯಾರು?

ನಮ್ಮ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮೊಬೈಲು ಫೋನಿನ ಒಳಗಣ ಯಂತ್ರದ ವಿಚಾರವನ್ನು ಎತ್ತಿಕೊಂಡರೆ, ಇದು ಎಂಜಿನಿಯರುಗಳಿಗೆ ಸೇರಿದ ವಿಷಯವಲ್ಲವೆ, ಬಾಲಿಕೆಯರ ಪ್ರೌಢಶಾಲೆಗೂ ಇದಕ್ಕೂ ಏನು ಸಂಬಂಧ, ಎಂದು ಕೆಲವರು ಕೇಳಬಹುದು. ಸಂಬಂಧವಿದೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಮದುವೆಯಾಗಿಯೋ ಉದ್ಯೋಗವನ್ನು ಹಿಡಿದೋ ಮುಂಬಯಿ, ಲಂಡನ್, ಟೊರಾಂಟೊ ಮೊದಲಾದ ಊರುಗಳಲ್ಲಿ ನೆಲೆಸಿರುವರು. ಅವರು ತಮ್ಮ ತಾಯಂದಿರೊಡನೆ ಆಡುವ ಮಾತು ಈಗ ಬಹುಮಟ್ಟಿಗೆ ಅಂತರ್ಜಾಲದ ಕರೆಯ ಮೂಲಕವೇ ಸಾಗುತ್ತದೆ. ೨೦೨೦ರಲ್ಲಿ ಸೋಂಕಿನ ನಿಮಿತ್ತ ಶಾಲೆಗಳು ಮುಚ್ಚಿದ್ದಾಗ ಪಾಠಗಳೂ ಅದೇ ಹಾದಿಯನ್ನು ಹಿಡಿದುವು. ಆಗ ಮನೆಗೆಲ್ಲ ಒಂದೇ ಅಗ್ಗದ ಫೋನಿದ್ದ ಹುಡುಗಿಯರಿಗೆ ಮೂರನೆಯ ಪಾಠದ ಹೊತ್ತಿಗೆ ಫೋನು ಕಾದು, ಬ್ಯಾಟರಿ ಬರಿದಾಗಿ, ಅಧ್ಯಾಪಿಕೆಯ ದನಿ ತುಂಡುತುಂಡಾಗಿ ಕೇಳಿ ಕಡೆಗೆ ನಿಂತೇಹೋಗುತ್ತಿದ್ದುದನ್ನು ನಾವು ಮರೆತಿಲ್ಲ. ಆ ದನಿಯನ್ನು ಸಾಗಿಸುವ ಹೊರೆಯನ್ನು ಫೋನಿನ ಯಾವ ಭಾಗವು ಹೊರಬೇಕು ಎಂಬುದೇ ಈ ಲೇಖನದ ವಿಷಯ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಕರೆಯ ತಂತ್ರಾಂಶವು ಧ್ವನಿಯನ್ನು ಅಡಕಮಾಡುವ ಹಗುರವಾದ ಉಪಾಯವೊಂದನ್ನು ತನ್ನೊಡನೆಯೇ ಇಟ್ಟುಕೊಂಡಿರಬೇಕು. ಅದೇ ಕೆಲಸಕ್ಕೆಂದು ಫೋನಿನ ಚಿಪ್ಪಿನಲ್ಲಿ ನಿರ್ಮಿತವಾದ ಭಾಗವು ದೊರೆಯುವಲ್ಲಿ ಅದರ ಸಹಾಯವನ್ನೂ ಪಡೆಯಬೇಕು, ಆದರೆ ಅದಕ್ಕೇ ಜೋತುಬೀಳಬಾರದು. ಫೋನು ತಯಾರಕರಾದರೋ ಆ ಭಾಗದ ಬಾಗಿಲನ್ನು ಎಲ್ಲ ತಂತ್ರಾಂಶಗಳಿಗೂ ತೆರೆದಿಡಬೇಕು. ಈ ಮೂರೂ ಮಾತುಗಳಿಗೆ ಅಳತೆಗೋಲು ಒಂದೇ: ಅತ್ಯಂತ ಅಗ್ಗದ ಫೋನನ್ನು ಕೈಯಲ್ಲಿ ಹಿಡಿದಿರುವವಳಿಗೆ ಮಾತು ಸ್ಪಷ್ಟವಾಗಿ ಕೇಳಿಸುತ್ತದೆಯೇ ಇಲ್ಲವೇ ಎಂಬುದು.

ವಿಷಯದ ಪರಿಚಯವಿಲ್ಲದವರಿಗಾಗಿ ಕೆಲವು ಮಾತು. ಬಾಯಿಂದ ಹೊರಟ ದನಿಯು ಗಾಳಿಯಲ್ಲಿ ಏಳುವ ಅಲೆ. ಅದನ್ನು ಸೆಕೆಂಡಿಗೆ ೮,೦೦೦ ಸಲ ಅಳೆದು, ಒಂದೊಂದು ಅಳತೆಯನ್ನೂ ೮ ಬಿಟ್‌ಗಳ ಅಂಕಿಯಾಗಿ ಬರೆದುಕೊಂಡರೆ ಒಂದು ಸೆಕೆಂಡಿನ ಮಾತಿಗೆ ೬೪,೦೦೦ ಬಿಟ್‌ಗಳಾಗುತ್ತವೆ. ೧೯೭೨ರಲ್ಲಿ ಅಂತರರಾಷ್ಟ್ರೀಯ ಒಪ್ಪಿಗೆಯನ್ನು ಪಡೆದ ಜಿ.೭೧೧ ಎಂಬ ಕ್ರಮವು ಇದೇ. ತಂತಿಯ ಟೆಲಿಫೋನಿಗೆ ಇದು ಸರಿಹೋಯಿತು. ರೇಡಿಯೋ ಅಲೆಯನ್ನು ಅನೇಕರು ಹಂಚಿಕೊಳ್ಳಬೇಕಾದ ಮೊಬೈಲಿಗೆ ತೀರ ದುಬಾರಿಯಾಯಿತು. ಆದುದರಿಂದ ಮಾತನ್ನು ಮಡಿಸಿ ಚಿಕ್ಕದಾಗಿ ಮಾಡಿ ಕಳುಹಿಸಿ, ಆಚೆಯ ಕಡೆಯಲ್ಲಿ ಬಿಚ್ಚಿ ಹರಡುವ ಉಪಾಯವು ಬೇಕಾಯಿತು. ಮಡಿಸುವ ಮತ್ತು ಬಿಚ್ಚುವ ಈ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ೧೯೯೧ರಲ್ಲಿ ಫಿನ್ಲೆಂಡಿನಲ್ಲಿ ಸೇವೆಗೆ ಬಂದ ಜಿ.ಎಸ್.ಎಂ. ಪದ್ಧತಿಯಲ್ಲಿ ಒಂದು ಸೆಕೆಂಡಿನ ಮಾತು ೧೩,೦೦೦ ಬಿಟ್‌ಗಳಿಗೆ ಇಳಿಯಿತು. ೧೯೯೯ರಲ್ಲಿ ಗೊತ್ತುಮಾಡಿದ ಎ.ಎಂ.ಆರ್. ಎಂಬ ಕೋಡೆಕ್ಕಿನಲ್ಲಿ ಅದನ್ನು ಸಂದರ್ಭಾನುಸಾರವಾಗಿ ೧೨,೨೦೦ರಿಂದ ೪,೭೫೦ರವರೆಗೆ ಇಳಿಸುವುದು ಸಾಧ್ಯವಾಯಿತು.

ಇಷ್ಟು ಮಡಿಸುವುದು ಸುಲಭದ ಕೆಲಸವಲ್ಲ. ಇದರ ಮರ್ಮವನ್ನು ತೋರಿಸಿಕೊಟ್ಟವರಲ್ಲಿ ಅಗ್ರಗಣ್ಯರಾದ ಬಿಷ್ಣು ಅಟಲ್ ಅವರು ನಮ್ಮ ದೇಶದಲ್ಲಿಯೇ ಹುಟ್ಟಿ, ಲಕ್ನೋ ವಿಶ್ವವಿದ್ಯಾಲಯದಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿಯೂ ಕಲಿತು, ಬೆಂಗಳೂರಿನಲ್ಲಿಯೇ ಕೆಲವು ವರ್ಷ ಪಾಠ ಹೇಳಿ, ೧೯೬೧ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯನ್ನು ಸೇರಿದವರು. ಅವರೂ ಮ್ಯಾನ್‌ಫ್ರೆಡ್ ಶ್ರೋಡರ್ ಅವರೂ ೧೯೮೫ರಲ್ಲಿ ಪ್ರಕಟಿಸಿದ ಸೆಲ್ಪ್ ಎಂಬ ವಿಧಾನದಲ್ಲಿ ದನಿಯನ್ನೇ ಕಳುಹಿಸುವುದಿಲ್ಲ. ಗಂಟಲು ಬಾಯಿಗಳ ಆಕಾರವನ್ನು ಸೂಚಿಸುವ ಕೆಲವು ಅಂಕಿಗಳನ್ನೂ, ಎರಡು ಕಡೆಯಲ್ಲಿಯೂ ಇರುವ ಒಂದೇ ಕೋಷ್ಟಕದಲ್ಲಿ ಈ ದನಿಗೆ ಅತ್ಯಂತ ಸಮೀಪವಾದ ನಮೂನೆಯ ಕ್ರಮಸಂಖ್ಯೆಯನ್ನೂ ಕಳುಹಿಸುತ್ತಾರೆ. ಆ ಸಮೀಪದ ನಮೂನೆಯನ್ನು ಹುಡುಕುವುದೇ ಕಷ್ಟ. ಮೊದಲ ಪ್ರಯೋಗಗಳಲ್ಲಿ ಕ್ರೇ-೧ ಎಂಬ ಮಹಾಗಣಕಕ್ಕೂ ಒಂದು ಸೆಕೆಂಡಿನ ಮಾತನ್ನು ಮಡಿಸಲು ಸುಮಾರು ೧೫೦ ಸೆಕೆಂಡು ಹಿಡಿಯಿತು. ಎ.ಎಂ.ಆರ್. ಕೋಡೆಕ್ಕು ಇದೇ ವಂಶಕ್ಕೆ ಸೇರಿದ್ದು.

ಮಹಾಗಣಕವನ್ನೇ ದಣಿಸಿದ ಈ ಕೆಲಸವನ್ನು ಅಂಗೈಯಗಲದ ಫೋನು ಮಾಡುವುದು ಹೇಗೆ? ಹುಡುಕುವ ಕ್ರಮವನ್ನು ಪಂಡಿತರು ಬಹಳ ಸರಳಗೊಳಿಸಿದರು. ಅಲ್ಲದೆ ಫೋನಿನ ರೇಡಿಯೋ ಚಿಪ್ಪಿನಲ್ಲಿ ಡಿ.ಎಸ್.ಪಿ. ಎಂಬ ಪುಟ್ಟ ಭಾಗವೊಂದನ್ನು ಇಂಥ ಲೆಕ್ಕಗಳಿಗಾಗಿಯೇ ಇಟ್ಟರು. ಹೀಗೆ ಚಿಪ್ಪಿನಲ್ಲಿ ನೆಲೆಗೊಳಿಸಿದ ಕೋಡೆಕ್ಕನ್ನು ಯಂತ್ರಾಂಶ ಕೋಡೆಕ್ ಎನ್ನುವರು. ಮನೆಯಲ್ಲಿ ಸಕಲ ಕೆಲಸಗಳನ್ನೂ ಮಾಡುವ ಗೃಹಿಣಿಯಂತೆ ಫೋನಿನ ಮುಖ್ಯ ಪ್ರೊಸೆಸರು; ಒಂದೇ ಕೆಲಸವನ್ನು ಬಲ್ಲ ಗಾಣದಂತೆ ಈ ಡಿ.ಎಸ್.ಪಿ. ತನ್ನ ಒಂದು ಕೆಲಸವನ್ನು ಅದು ಅಲ್ಪ ವಿದ್ಯುತ್ತಿನಲ್ಲಿ ಮಾಡಿ ಮುಗಿಸುತ್ತದೆ, ಅಷ್ಟು ಹೊತ್ತು ಮುಖ್ಯ ಪ್ರೊಸೆಸರು ನಿದ್ರಿಸಬಹುದು.

ವಿಚಿತ್ರವಿರುವುದು ಇಲ್ಲಿಯೇ. ತಾಯಿಯು ಮಗಳಿಗೆ ಮೊಬೈಲು ಕಂಪನಿಯ ಸಾಮಾನ್ಯ ಕರೆ ಮಾಡಿದರೆ ಮಾತನ್ನು ಮಡಿಸುವುದು ಈ ಪುಟ್ಟ ಭಾಗ. ಅದೇ ತಾಯಿಯು ಅದೇ ಫೋನಿನಿಂದ ವಾಟ್ಸಾಪಿನ ಕರೆ ಮಾಡಿದರೆ ಆ ಭಾಗವು ಸುಮ್ಮನೆ ಕುಳಿತಿರುತ್ತದೆ. ತಂತ್ರಾಂಶವು ತನ್ನದೇ ಕೋಡೆಕ್ಕನ್ನು ಮುಖ್ಯ ಪ್ರೊಸೆಸರಿನ ಮೇಲೆ ಓಡಿಸುತ್ತದೆ. ಎರಡಕ್ಕೂ ಹಣ ಕೊಟ್ಟವಳು ಆ ತಾಯಿಯೇ. ಬಾಗಿಲು ತೆರೆದಿದ್ದರೆ ಅಂತರ್ಜಾಲದ ಕರೆಯೂ ಆ ಭಾಗವನ್ನು ಬಳಸಬಹುದಾಗಿತ್ತು. ಹಿಂದೊಮ್ಮೆ ಹಾಗೆ ನಡೆದದ್ದೂ ಉಂಟು. ಸಿಂಬಿಯನ್ ಎಂಬ ವ್ಯವಸ್ಥೆಯುಳ್ಳ ನೋಕಿಯಾ ಫೋನುಗಳಲ್ಲಿ ಪ್ರೊಸೆಸರಿನ ಶಕ್ತಿಯು ಬಹಳ ಕಡಿಮೆಯಿದ್ದುದರಿಂದ, ಚಿಪ್ಪಿನ ಕೋಡೆಕ್ಕನ್ನು ಹೊರಗಿನ ತಂತ್ರಾಂಶಗಳೂ ಉಪಯೋಗಿಸುವಂತೆ ಏರ್ಪಾಡು ಮಾಡಲಾಗಿತ್ತು. ಪಿಜೆಸಿಪ್ ಎಂಬ ಮುಕ್ತ ತಂತ್ರಾಂಶವು ಈ ಏರ್ಪಾಡನ್ನು ಬಳಸಿಕೊಂಡಿತು.

ಹಾಗಾದರೆ ಎಲ್ಲರೂ ಹಾಗೆಯೇ ಏಕೆ ಮಾಡಬಾರದು? ಇದಕ್ಕೆ ತಂತ್ರಾಂಶ ಬರೆಯುವವರು ಹೇಳುವ ಆಕ್ಷೇಪಣೆಗಳು ಬಲವಾದವು. ಅವನ್ನು ಮರೆಮಾಡುವುದು ನ್ಯಾಯವಲ್ಲ.

ಮೊದಲನೆಯದಾಗಿ, ಚಿಪ್ಪು ಮಾತನ್ನು ಮಡಿಸಿ ಕೊಟ್ಟಾಗ ತಂತ್ರಾಂಶದ ಕೈಗೆ ಬರುವುದು ಅರಗುಮುದ್ರೆ ಹಾಕಿದ ಲಕೋಟೆಯೇ ಹೊರತು ಒಳಗಿನ ಪತ್ರವಲ್ಲ. ಇಬ್ಬರೇ ಮಾತಾಡುವಾಗ ಇದರಿಂದ ತೊಂದರೆಯಿಲ್ಲ. ಮೂವರು ಅಕ್ಕತಂಗಿಯರು ಒಟ್ಟಿಗೆ ಮಾತಾಡಬೇಕಾದರೆ ಎರಡು ದನಿಗಳನ್ನು ಒಂದರೊಡನೊಂದು ಬೆರೆಸಬೇಕು; ಬಿಚ್ಚದೆ ಬೆರೆಸುವುದೆಂತು? ಪಿಜೆಸಿಪ್‌ನಲ್ಲಿಯೂ ಚಿಪ್ಪಿನ ಕೋಡೆಕ್ಕನ್ನು ಬಳಸಿದಾಗ ದನಿ ಬೆರೆಸುವ ಭಾಗವನ್ನು ಬಿಟ್ಟು, ಲಕೋಟೆಗಳನ್ನು ಹಾಗೆಯೇ ದಾಟಿಸುವ ಬೇರೊಂದು ಭಾಗವನ್ನು ಇಡಬೇಕಾಯಿತು. ಅಂತರ್ಜಾಲದಲ್ಲಿ ಲಕೋಟೆಗಳು ಸಮಯಕ್ಕೆ ಸರಿಯಾಗಿ ಬರುವುದೂ ಇಲ್ಲ. ತಡವಾದಾಗ ಮಾತನ್ನು ತುಸು ಎಳೆದು, ಗುಂಪಾಗಿ ಬಂದಾಗ ತುಸು ಕುಗ್ಗಿಸಿ, ಕಳೆದುಹೋದುದನ್ನು ಅಕ್ಕಪಕ್ಕದಿಂದ ಊಹಿಸಿ ತುಂಬುವ ಚಾತುರ್ಯವು ಬಿಚ್ಚಿದ ದನಿಯು ಕೈಯಲ್ಲಿದ್ದರೆ ಮಾತ್ರ ಚೆನ್ನಾಗಿ ಸಾಗುತ್ತದೆ.

ಎರಡನೆಯದು ಕಾಲವಿಳಂಬ. ಒಂದು ಕಡೆಯ ಮಾತು ಇನ್ನೊಂದು ಕಡೆಗೆ ೧೫೦ ಮಿಲಿಸೆಕೆಂಡಿನೊಳಗೆ ತಲಪಿದರೆ ಸಂಭಾಷಣೆಯು ಸರಾಗವೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಹಾಡನ್ನು ದಾಖಲಿಸಲು ಏರ್ಪಡಿಸಿದ ಮಾರ್ಗದಲ್ಲಿ ಸಂಭಾಷಣೆಯನ್ನು ನೂಕಿದರೆ ದಾರಿಯ ಕಣಜಗಳಲ್ಲಿಯೇ ಹೊತ್ತು ಕಳೆಯಬಹುದು. ಆಂಡ್ರಾಯ್ಡ್ ವ್ಯವಸ್ಥೆಯು ೨೦೧೨ರಲ್ಲಿ ತಂತ್ರಾಂಶಗಳಿಗೆ ಫೋನಿನ ಕೋಡೆಕ್ಕುಗಳ ಒಂದು ಬಾಗಿಲನ್ನು ತೆರೆಯಿತು ನಿಜ. ಆದರೆ ಆ ಬಾಗಿಲಿನ ಹಿಂದೆ ಚಲಚ್ಚಿತ್ರಕ್ಕೆ ಯಂತ್ರಾಂಶವು ಇರುವುದು ಸಾಮಾನ್ಯ, ಮಾತಿಗೆ ಬಹುಮಟ್ಟಿಗೆ ತಂತ್ರಾಂಶವೇ.

ಮೂರನೆಯದು ಉಳಿತಾಯದ ಲೆಕ್ಕ. ಮಾತು ಅಂತರ್ಜಾಲದಲ್ಲಿ ಸಾಧಾರಣವಾಗಿ ೨೦ ಮಿಲಿಸೆಕೆಂಡಿನ ತುಣುಕುಗಳಾಗಿ, ಸೆಕೆಂಡಿಗೆ ೫೦ ಲಕೋಟೆಗಳಲ್ಲಿ ಹೋಗುತ್ತದೆ. ಎ.ಎಂ.ಆರ್. ಕೋಡೆಕ್ಕಿನ ೧೨,೨೦೦ ಬಿಟ್‌ಗಳ ಮಟ್ಟದಲ್ಲಿ ಒಂದು ತುಣುಕಿನ ಮಾತು ಸುಮಾರು ೩೧ ಬೈಟ್. ಅದರ ಮೇಲಿನ ವಿಳಾಸ ಮುಂತಾದ ಬರಹವೇ ಸಾಮಾನ್ಯವಾಗಿ ೪೦ ಬೈಟ್. ಪತ್ರಕ್ಕಿಂತ ಲಕೋಟೆಯೇ ಭಾರ! ಸೆಕೆಂಡಿಗೆ ಐವತ್ತು ಸಲ ಲಕೋಟೆಯನ್ನು ಕಟ್ಟಲು ಮುಖ್ಯ ಪ್ರೊಸೆಸರು ಎಚ್ಚರವಾಗಲೇ ಬೇಕಾದುದರಿಂದ, ಮಡಿಸುವ ಕೆಲಸವನ್ನು ಚಿಪ್ಪಿಗೆ ಒಪ್ಪಿಸಿದ ಮಾತ್ರಕ್ಕೆ ಅದಕ್ಕೆ ಪೂರ್ಣ ವಿಶ್ರಾಂತಿ ದೊರೆಯದು.

ಇನ್ನೂ ಒಂದು ಮಾತನ್ನು ಅಧ್ಯಾಪಿಕೆಯರಾದ ನಾವು ಹೇಳಲೇ ಬೇಕು. ಹಳೆಯ ಟೆಲಿಫೋನಿನ ಕೋಡೆಕ್ಕುಗಳು ೩೦೦ರಿಂದ ೩,೪೦೦ ಹರ್ಟ್ಸ್‌ವರೆಗಿನ ಸ್ವರಗಳನ್ನು ಮಾತ್ರ ಒಯ್ಯುವುವು. ಸಕಾರದ ಬಲವು ಬಹುಮಟ್ಟಿಗೆ ಅದಕ್ಕೂ ಮೇಲಿನ ಸ್ಥಾನದಲ್ಲಿರುವುದು. ಆದುದರಿಂದಲೇ ಸಕಾರವೂ ಇಂಗ್ಲಿಷಿನ ಎಫ್ ಅಕ್ಷರದ ಉಚ್ಚಾರವೂ ಇಂಥ ಫೋನಿನಲ್ಲಿ ಒಂದೇ ಎಂಬಂತೆ ಕೇಳುವುವು. ಉಚ್ಚಾರವನ್ನು ಕಲಿಸಬೇಕಾದ ಪಾಠಕ್ಕೆ ಇದು ಎಷ್ಟು ಹಾನಿಯೆಂಬುದನ್ನು ವಿವರಿಸಬೇಕಾಗಿಲ್ಲ. ೨೦೦೧ರಲ್ಲಿ ಸಿದ್ಧವಾದ ಎ.ಎಂ.ಆರ್.ನ ವಿಶಾಲ ರೂಪವು ೭,೦೦೦ ಹರ್ಟ್ಸ್‌ವರೆಗೆ ಒಯ್ಯುತ್ತದೆ. ೨೦೧೨ರಲ್ಲಿ ಪ್ರಕಟವಾದ ಓಪಸ್ ಎಂಬುದು ಅದಕ್ಕಿಂತಲೂ ಮೇಲಕ್ಕೆ ಹೋಗುವುದಲ್ಲದೆ, ಸೆಕೆಂಡಿಗೆ ೬,೦೦೦ ಬಿಟ್‌ಗಳಿಂದ ೫,೧೦,೦೦೦ರವರೆಗೆ ಬೇಕಾದಂತೆ ಹಿಗ್ಗಿ ಕುಗ್ಗುತ್ತದೆ. ಯಾರೂ ಹಕ್ಕಿನ ಹಣವನ್ನು ತೆರದೆ ಬಳಸಬಹುದು. ಹಳೆಯ ಚಿಪ್ಪಿನಲ್ಲಿ ಹಳೆಯ ಕೋಡೆಕ್ಕೇ ಇದ್ದರೆ, ಬ್ಯಾಟರಿಯನ್ನು ಉಳಿಸಲು ಹೋಗಿ ಅಕ್ಷರವನ್ನೇ ಕಳೆದುಕೊಂಡಂತಾಗುವುದು.

ಸಿಂಬಿಯನ್ನಿನ ಕಥೆಯೂ ಪಾಠವನ್ನು ಕಲಿಸುತ್ತದೆ. ೨೦೧೨ರ ೮೦೮ ಪ್ಯೂರ್‌ವ್ಯೂ ನೋಕಿಯಾ ಸಿಂಬಿಯನ್ ಫೋನುಗಳಲ್ಲಿ ಕೊನೆಯದಾಯಿತು. ಆ ಚಿಪ್ಪುಗಳ ಬಾಗಿಲಿಗೆಂದೇ ಬರೆದ ಭಾಗಗಳು ಅವುಗಳೊಡನೆಯೇ ನಿರುಪಯೋಗವಾದುವು. ತನ್ನ ಕೋಡೆಕ್ಕನ್ನು ತಾನೇ ಹೊತ್ತ ತಂತ್ರಾಂಶವು ಹೊಸ ಫೋನುಗಳಿಗೆ ಸುಲಭವಾಗಿ ದಾಟಿತು.

ಇಷ್ಟನ್ನೂ ಒಪ್ಪಿದ ಮೇಲೂ, ಪ್ರೊಸೆಸರುಗಳು ಈಗ ಬಲಿಷ್ಠವಾಗಿವೆ, ಚಿಂತೆ ಬೇಡ, ಎಂಬ ವಾದವನ್ನು ನಾವು ಒಪ್ಪೆವು. ಅದು ಹೊಸ ಫೋನುಳ್ಳವರ ಮಾತು. ೨೦೨೪ರಲ್ಲಿ ಮೆಟಾ ಸಂಸ್ಥೆಯು ಎಂಲೋ ಎಂಬ ಕೋಡೆಕ್ಕನ್ನು ಪ್ರಕಟಿಸಿದಾಗ, ವಾಟ್ಸಾಪಿನಲ್ಲಿ ಪ್ರತಿದಿನವೂ ಕೋಟಿಗಟ್ಟಲೆ ಕರೆಗಳು ಹತ್ತು ವರ್ಷಕ್ಕೂ ಹಳೆಯ ಫೋನುಗಳಲ್ಲಿ ನಡೆಯುವುವೆಂದು ತಾನೇ ಹೇಳಿತು. ಓಪಸ್‌ಗಿಂತ ಶೇಕಡಾ ೧೦ರಷ್ಟು ಕಡಿಮೆ ಲೆಕ್ಕದಲ್ಲಿ ಹೊಸ ಕೋಡೆಕ್ಕು ಕೆಲಸ ಮಾಡುವುದೆಂದೂ ತಿಳಿಸಿತು. ಲೋಕದ ಇಷ್ಟು ದೊಡ್ಡ ಸಂಸ್ಥೆಯೇ ಹಳೆಯ ಫೋನಿನ ಭಾರವನ್ನು ಎಣಿಸುವಾಗ, ಉಳಿದವರು ಎಣಿಸದಿರುವುದು ಸಲ್ಲದು.

ಆದಕಾರಣ ತಂತ್ರಾಂಶ ಬರೆಯುವವರಲ್ಲಿ ನಮ್ಮ ವಿಜ್ಞಾಪನೆಯಿದು: ಮುಕ್ತವಾದ ಹಗುರ ಕೋಡೆಕ್ಕೇ ನಿಮ್ಮ ತಳಹದಿಯಾಗಿರಲಿ. ಮಾರ್ದನಿಯನ್ನು ಅಳಿಸುವುದು, ಗದ್ದಲವನ್ನು ತಗ್ಗಿಸುವುದು ಮುಂತಾದ ಕೆಲಸಗಳಿಗೆ ಫೋನಿನ ಯಂತ್ರಾಂಶವು ಒದಗುವಲ್ಲಿ ಅದನ್ನು ಪರೀಕ್ಷಿಸಿ ಬಳಸಿರಿ. ಇಬ್ಬರ ನಡುವಣ ಕರೆಯಲ್ಲಿ ಚಿಪ್ಪಿನ ಒಳ್ಳೆಯ ಕೋಡೆಕ್ಕು ದೊರೆತರೆ ಅದನ್ನೂ ಬಳಸಿರಿ. ಅದು ಕೈಕೊಟ್ಟಾಗ ಮಾತು ನಿಲ್ಲದೆ ತಂತ್ರಾಂಶಕ್ಕೆ ಮರಳುವಂತಿರಲಿ. ಫೋನು ತಯಾರಕರಲ್ಲಿ ನಮ್ಮ ಮಾತು ಇನ್ನೂ ಖಂಡಿತವಾದುದು: ಕೊಂಡವಳು ಬೆಲೆ ಕೊಟ್ಟ ಭಾಗಕ್ಕೆ ಬೀಗವನ್ನು ಹಾಕಿ, ಕೀಲಿಕೈಯನ್ನು ನೀವೇ ಇಟ್ಟುಕೊಳ್ಳುವುದು ತರವಲ್ಲ. ಓಪಸ್‌ನಂಥ ಮುಕ್ತ ಕೋಡೆಕ್ಕನ್ನು ಅಲ್ಲಿಯೂ ನೆಲೆಗೊಳಿಸಿ, ಬಾಗಿಲನ್ನು ತೆರೆಯಿರಿ. ಅಗ್ಗದ ಫೋನಿನಲ್ಲಿ ಮೊದಲು ತೆರೆಯಿರಿ, ಏಕೆಂದರೆ ಅಗತ್ಯವು ಅಲ್ಲಿಯೇ ಹೆಚ್ಚು.

ಪೋಷಕರಿಗೆ ಎರಡು ಸಲಹೆಗಳನ್ನು ಮಾತ್ರ ಕೊಡುತ್ತೇವೆ. ಕರೆಯು ತುಂಡಾಗುತ್ತಿದ್ದರೆ ಫೋನನ್ನು ಬದಲಿಸುವ ಮುನ್ನ ಚಿತ್ರವನ್ನು ನಿಲ್ಲಿಸಿ ನೋಡಿರಿ. ಮಾತಿಗಿಂತ ಚಿತ್ರದ ಹೊರೆಯು ಎಷ್ಟೋ ಪಾಲು ಹೆಚ್ಚು. ಬ್ಯಾಟರಿಯು ಮುಗಿಯುತ್ತ ಬಂದಿದ್ದು ಊರೊಳಗಿನವರೊಡನೆಯೇ ಮಾತಾಡಬೇಕಾಗಿದ್ದರೆ ಸಾಮಾನ್ಯ ಕರೆಯನ್ನೇ ಮಾಡಿರಿ; ಚಿಪ್ಪಿನ ಆ ಪುಟ್ಟ ಭಾಗವು ಆಗ ನಿಮ್ಮ ಕೆಲಸಕ್ಕೆ ಬರುತ್ತದೆ.

ಹಳೆಯ ವಿದ್ಯಾರ್ಥಿನಿಯರಲ್ಲಿ ತಂತ್ರಾಂಶದ ಉದ್ಯೋಗದಲ್ಲಿರುವವರು ಈಗ ಕೆಲವರಲ್ಲ, ಹಲವರು. ಅವರು ತಾವು ಬರೆದುದನ್ನು ತಮ್ಮ ಮೇಜಿನ ಮೇಲಿನ ಹೊಸ ಫೋನಿನಲ್ಲಿ ಮಾತ್ರ ಪರೀಕ್ಷಿಸದೆ, ಊರಿಗೆ ಬಂದಾಗ ಅಡುಗೆಮನೆಯ ಕಿಟಕಿಯಲ್ಲಿ ಚಾರ್ಜಿಗೆ ಇಟ್ಟಿರುವ ತಾಯಿಯ ಫೋನಿನಲ್ಲಿಯೂ ಪರೀಕ್ಷಿಸಲಿ. ಅಲ್ಲಿ ಮಾತು ಚೆನ್ನಾಗಿ ಕೇಳಿಸಿದರೆ ಅವರ ವಿದ್ಯೆಯು ಸಾರ್ಥಕವಾಯಿತೆಂದು ನಾವು ತಿಳಿಯುವೆವು.