ಅಮೆರಿಕದ ವಾಯುಪಡೆಯ ಟ್ಯಾಂಕರ್ ವಿಮಾನಗಳ ಬದಲಾವಣೆ

ಅಮೆರಿಕ ಸಂಯುಕ್ತ ಸಂಸ್ಥಾನದ ವಾಯುಪಡೆಯು 1950 ಮತ್ತು 1960ರ ದಶಕಗಳಲ್ಲಿ ತಯಾರಾದ ಕೆಸಿ-135 ಸ್ಟ್ರಾಟೋಟ್ಯಾಂಕರ್ ವಿಮಾನಗಳ ಜಾಗಕ್ಕೆ ಹೊಸ ವಿಮಾನಗಳನ್ನು ತರಲು 2001ರಿಂದ ಪ್ರಯತ್ನಿಸುತ್ತಿದೆ. ಹಾರಾಟದಲ್ಲಿರುವ ಇತರ ವಿಮಾನಗಳಿಗೆ ಆಕಾಶದಲ್ಲಿಯೇ ಇಂಧನ ತುಂಬಿಸುವ ವಿಮಾನಗಳನ್ನು ಟ್ಯಾಂಕರ್ ಎನ್ನುತ್ತಾರೆ. ಬೋಯಿಂಗ್ ಕಂಪನಿಯ ಕೆಸಿ-46ಎ ಪೆಗಾಸಸ್ ಈ ಪ್ರಯತ್ನದ ಫಲವಾಗಿದೆ. ಮೊದಲ ಪ್ರಸ್ತಾವದಿಂದ ಮೊದಲ ವಿಮಾನ ಸೇನೆಯ ಕೈಸೇರುವವರೆಗೆ ಸುಮಾರು 17 ವರ್ಷಗಳು ಕಳೆದವು. ಈ ವಿಳಂಬದ ಬಹುಭಾಗಕ್ಕೆ ಕಾರಣ ತಂತ್ರಜ್ಞಾನದ ಕೊರತೆಯಲ್ಲ, ಖರೀದಿ ಪ್ರಕ್ರಿಯೆಯಲ್ಲಿ ಉಂಟಾದ ದೋಷಗಳು ಎಂಬುದು ಈ ಪ್ರಕರಣದ ಮುಖ್ಯ ಅಂಶವಾಗಿದೆ.

ಹಿನ್ನೆಲೆ

ಕೆಸಿ-135 ವಿಮಾನವು 1956ರ ಆಗಸ್ಟ್ 31ರಂದು ಮೊದಲ ಬಾರಿಗೆ ಹಾರಿತು ಮತ್ತು 1957ರಲ್ಲಿ ಸೇವೆಗೆ ಸೇರಿತು. ಶೀತಲ ಸಮರದ ಕಾಲದಲ್ಲಿ ಪರಮಾಣು ಬಾಂಬ್‌ಗಳನ್ನು ಹೊತ್ತ ಬಿ-52 ವಿಮಾನಗಳು ದೂರದ ಗುರಿಗಳನ್ನು ತಲುಪುವಂತೆ ಮಾಡುವುದು ಇದರ ಮೂಲ ಉದ್ದೇಶವಾಗಿತ್ತು. ಒಟ್ಟು 732 ಟ್ಯಾಂಕರ್‌ಗಳು ತಯಾರಾದವು. ಕೊನೆಯದು 1965ರಲ್ಲಿ ವಾಯುಪಡೆಗೆ ಹಸ್ತಾಂತರವಾಯಿತು. ಆದ್ದರಿಂದ ಇವುಗಳಲ್ಲಿ ತೀರ ಹೊಸದಾದ ವಿಮಾನಕ್ಕೂ 2025ರಲ್ಲಿ 60 ವರ್ಷ ತುಂಬಿತು. ವಿಮಾನ ನಡೆಸುವ ಸಿಬ್ಬಂದಿಯಲ್ಲಿ ಹೆಚ್ಚಿನವರು ತಮ್ಮ ವಿಮಾನಕ್ಕಿಂತ ಕಿರಿಯರು.

ವಿಮಾನಗಳು ಇಷ್ಟು ಕಾಲ ಉಳಿಯಲು ಹಂತಹಂತವಾಗಿ ನಡೆದ ನವೀಕರಣವೇ ಕಾರಣ. ಕೆಲವಕ್ಕೆ ನಿವೃತ್ತವಾದ ಬೋಯಿಂಗ್ 707 ಪ್ರಯಾಣಿಕ ವಿಮಾನಗಳ ಎಂಜಿನ್‌ಗಳನ್ನು ಜೋಡಿಸಿ ಕೆಸಿ-135ಇ ಎಂದು ಹೆಸರಿಸಲಾಯಿತು. ಹೊಸ ಸಿಎಫ್‌ಎಂ56 ಎಂಜಿನ್ ಪಡೆದವು ಕೆಸಿ-135ಆರ್ ಎನಿಸಿಕೊಂಡವು. ಎಂಜಿನ್‌ಗಳನ್ನು ಹಿಡಿದಿಡುವ ಆಧಾರಗಳಲ್ಲಿ ತುಕ್ಕು ಕಂಡುಬಂದದ್ದರಿಂದ 2004ರಲ್ಲಿ ಕೆಲವು ಇ ಮಾದರಿಯ ವಿಮಾನಗಳ ಹಾರಾಟವನ್ನು ನಿಲ್ಲಿಸಲಾಯಿತು. 2009ರ ವೇಳೆಗೆ ಆ ಮಾದರಿ ನಿವೃತ್ತವಾಯಿತು.

ಗುತ್ತಿಗೆ ಪ್ರಸ್ತಾವ

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಟ್ಯಾಂಕರ್‌ಗಳ ಬಳಕೆ ಹೆಚ್ಚಿತು. ಬೋಯಿಂಗ್‌ನಿಂದ 100 ಕೆಸಿ-767 ವಿಮಾನಗಳನ್ನು ಗುತ್ತಿಗೆಗೆ ಪಡೆಯುವ ಯೋಜನೆಯನ್ನು ವಾಯುಪಡೆ ಮುಂದಿಟ್ಟಿತು. ಗುತ್ತಿಗೆಯಾದರೆ ಒಮ್ಮೆಲೇ ದೊಡ್ಡ ಮೊತ್ತ ಹೂಡಬೇಕಾಗಿಲ್ಲ, ವಿಮಾನಗಳು ಬೇಗ ದೊರೆಯುತ್ತವೆ ಎಂಬುದು ಅದರ ವಾದವಾಗಿತ್ತು. ನೇರ ಖರೀದಿಗಿಂತ ಗುತ್ತಿಗೆಯೇ ದುಬಾರಿ ಎಂದು ಸಂಸತ್ತಿನ ಆಯವ್ಯಯ ಕಚೇರಿ ಲೆಕ್ಕ ಹಾಕಿತು. ಸೆನೆಟರ್ ಜಾನ್ ಮೆಕೇನ್ ಯೋಜನೆಯನ್ನು ತೀವ್ರವಾಗಿ ವಿರೋಧಿಸಿದರು.

ಬೋಯಿಂಗ್ ಜೊತೆಗಿನ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ವಾಯುಪಡೆಯ ಖರೀದಿ ಅಧಿಕಾರಿ ಡಾರ್ಲೀನ್ ಡ್ರೂಯನ್ ಅದೇ ಕಂಪನಿಯಲ್ಲಿ ಉದ್ಯೋಗಕ್ಕಾಗಿ ಮಾತುಕತೆ ನಡೆಸಿದ್ದುದು ತನಿಖೆಯಲ್ಲಿ ಹೊರಬಿತ್ತು. 2004ರಲ್ಲಿ ಅವರಿಗೆ 9 ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ಬೋಯಿಂಗ್‌ನ ಹಣಕಾಸು ಮುಖ್ಯಸ್ಥರಾಗಿದ್ದ ಮೈಕಲ್ ಸಿಯರ್ಸ್ ಕೂಡ ಜೈಲು ಸೇರಿದರು. ಮುಖ್ಯ ಕಾರ್ಯನಿರ್ವಾಹಕ ಫಿಲ್ ಕಾಂಡಿಟ್ 2003ರ ಡಿಸೆಂಬರ್‌ನಲ್ಲಿಯೇ ರಾಜೀನಾಮೆ ನೀಡಿದ್ದರು. ತುಕ್ಕಿನ ಸಮಸ್ಯೆಯನ್ನು ನಿಭಾಯಿಸಬಹುದು, ಬದಲಾವಣೆಗೆ ಅಷ್ಟೊಂದು ಆತುರ ಬೇಕಿಲ್ಲ ಎಂದು ರಕ್ಷಣಾ ವಿಜ್ಞಾನ ಮಂಡಳಿ 2004ರಲ್ಲಿ ವರದಿ ನೀಡಿತು. ಇದರಿಂದ ಗುತ್ತಿಗೆಯ ಪರವಾದ ಮುಖ್ಯ ವಾದವೇ ದುರ್ಬಲವಾಯಿತು. ಯೋಜನೆ ರದ್ದಾಯಿತು.

ಕೆಸಿ-ಎಕ್ಸ್ ಸ್ಪರ್ಧೆ

2007ರಲ್ಲಿ 179 ವಿಮಾನಗಳಿಗಾಗಿ ಕೆಸಿ-ಎಕ್ಸ್ ಎಂಬ ಮುಕ್ತ ಸ್ಪರ್ಧೆ ಆರಂಭವಾಯಿತು. ಬೋಯಿಂಗ್ ತನ್ನ 767 ಆಧಾರಿತ ಟ್ಯಾಂಕರನ್ನು ಮುಂದಿಟ್ಟಿತು. ನಾರ್ತ್ರೋಪ್ ಗ್ರಮ್ಮನ್ ಕಂಪನಿಯು ಏರ್‌ಬಸ್‌ನ ಮಾತೃಸಂಸ್ಥೆ ಇಎಡಿಎಸ್ ಜೊತೆಗೂಡಿ, ಗಾತ್ರದಲ್ಲಿ ದೊಡ್ಡದಾದ ಎ330 ಆಧಾರಿತ ವಿಮಾನವನ್ನು ನೀಡಲು ಮುಂದಾಯಿತು. 2008ರ ಫೆಬ್ರವರಿ 29ರಂದು ನಾರ್ತ್ರೋಪ್ ಗುಂಪು ಗೆದ್ದಿತು.

ಬೋಯಿಂಗ್ ಆಕ್ಷೇಪಣೆ ಸಲ್ಲಿಸಿತು. ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜೂನ್ 18ರಂದು ಅದನ್ನು ಎತ್ತಿಹಿಡಿಯಿತು. ಯಾವ ವಿಮಾನ ಉತ್ತಮ ಎಂಬುದನ್ನು ಸಂಸ್ಥೆ ತೀರ್ಮಾನಿಸಲಿಲ್ಲ. ವಾಯುಪಡೆ ತಾನೇ ಬರೆದ ನಿಯಮಗಳನ್ನು ಪಾಲಿಸಿಲ್ಲ ಎಂದಷ್ಟೇ ಹೇಳಿತು. ನಿಗದಿತ ಮಟ್ಟವನ್ನು ಮೀರಿದ ಸಾಮರ್ಥ್ಯಕ್ಕೆ ಹೆಚ್ಚುವರಿ ಅಂಕ ಇಲ್ಲವೆಂದು ಟೆಂಡರ್‌ನಲ್ಲಿ ತಿಳಿಸಿದ್ದರೂ ಅಂತಹ ಅಂಕ ನೀಡಲಾಗಿತ್ತು. ವಿಮಾನಗಳ ಜೀವಿತಾವಧಿಯ ವೆಚ್ಚದ ಲೆಕ್ಕದಲ್ಲಿಯೂ ತಪ್ಪುಗಳಿದ್ದವು. ಸೆಪ್ಟೆಂಬರ್‌ನಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಸ್ಪರ್ಧೆಯನ್ನು ರದ್ದುಗೊಳಿಸಿದರು.

2010ರ ಹೊಸ ಟೆಂಡರ್ ಹಿಂದಿನ ವಿವಾದದ ನೆರಳಿನಲ್ಲಿ ರೂಪುಗೊಂಡಿತು. ಇದರಲ್ಲಿ 372 ಕಡ್ಡಾಯ ಅಗತ್ಯಗಳಿದ್ದವು. ಪ್ರತಿಯೊಂದನ್ನೂ ಪೂರೈಸಲಾಗಿದೆಯೇ, ಇಲ್ಲವೇ ಎಂಬುದಷ್ಟೇ ಪ್ರಶ್ನೆ. ಅನಂತರ ನಿರ್ಧಾರ ಮುಖ್ಯವಾಗಿ ಬೆಲೆಯದು. ಈ ನಿಯಮಗಳು ಚಿಕ್ಕ ವಿಮಾನಕ್ಕೆ ಅನುಕೂಲವಾಗಿವೆ ಎಂದು ಆಕ್ಷೇಪಿಸಿ ನಾರ್ತ್ರೋಪ್ ಹಿಂದೆ ಸರಿಯಿತು. ಇಎಡಿಎಸ್ ಒಂಟಿಯಾಗಿ ಸ್ಪರ್ಧಿಸಿತು. 2011ರ ಫೆಬ್ರವರಿ 24ರಂದು ಬೋಯಿಂಗ್ ಗೆದ್ದಿತು.

ಕೆಸಿ-46ರ ತೊಂದರೆಗಳು

ಒಪ್ಪಂದದಂತೆ ಅಭಿವೃದ್ಧಿ ಹಂತದಲ್ಲಿ ಸರ್ಕಾರದ ಹೊಣೆ 490 ಕೋಟಿ ಡಾಲರ್‌ಗಳಿಗೆ ಸೀಮಿತವಾಗಿತ್ತು. ಅದನ್ನು ಮೀರಿದ ವೆಚ್ಚವನ್ನು ಬೋಯಿಂಗ್ ಭರಿಸಬೇಕಿತ್ತು. ಈ ಯೋಜನೆಯಲ್ಲಿ ಕಂಪನಿ ಇದುವರೆಗೆ 700 ಕೋಟಿ ಡಾಲರ್‌ಗಳಿಗೂ ಹೆಚ್ಚು ನಷ್ಟ ಅನುಭವಿಸಿದೆ. 2017ರ ಆಗಸ್ಟ್‌ನೊಳಗೆ 18 ವಿಮಾನಗಳು ಸಿದ್ಧವಾಗಬೇಕಿತ್ತು. ಮೊದಲ ವಿಮಾನ ದೊರೆತದ್ದು 2019ರ ಜನವರಿ 10ರಂದು. ಅದೇ ವರ್ಷ, ತಯಾರಿಕೆಯ ವೇಳೆ ವಿಮಾನಗಳೊಳಗೆ ಬಿಟ್ಟುಹೋಗಿದ್ದ ಉಪಕರಣ ಮತ್ತು ಚೂರುಪಾರು ವಸ್ತುಗಳು ಸಿಕ್ಕಿದ್ದರಿಂದ ಹಸ್ತಾಂತರವನ್ನು ಕೆಲಕಾಲ ತಡೆಹಿಡಿಯಲಾಯಿತು.

ದೊಡ್ಡ ತಾಂತ್ರಿಕ ಸಮಸ್ಯೆ ಎದುರಾದದ್ದು ಇಂಧನ ತುಂಬಿಸುವ ಕೆಲಸದಲ್ಲಿಯೇ. ಕೆಸಿ-135ರಲ್ಲಿ ಬೂಮ್ ಎಂಬ ಗಡುಸಾದ ಕೊಳವೆಯನ್ನು ನಡೆಸುವವರು ವಿಮಾನದ ಹಿಂಭಾಗದಲ್ಲಿ ಬೋರಲಾಗಿ ಮಲಗಿ, ಕಿಟಕಿಯ ಮೂಲಕ ಕೆಳಗಿನ ವಿಮಾನವನ್ನು ಕಣ್ಣಾರೆ ನೋಡುತ್ತಾರೆ. ಕೆಸಿ-46ರಲ್ಲಿ ಅವರು ಮುಂಭಾಗದಲ್ಲಿ ಕುಳಿತು, ವಿಶೇಷ ಕನ್ನಡಕ ಧರಿಸಿ, ಕ್ಯಾಮೆರಾಗಳು ತೋರಿಸುವ ಮೂರು ಆಯಾಮದ ಚಿತ್ರವನ್ನು ನೋಡುತ್ತಾರೆ. ಬಿಸಿಲು ಮತ್ತು ನೆರಳಿನ ಕೆಲವು ಸ್ಥಿತಿಗಳಲ್ಲಿ ಈ ಚಿತ್ರದಿಂದ ದೂರವನ್ನು ಸರಿಯಾಗಿ ಅಂದಾಜಿಸುವುದು ಕಷ್ಟವಾಯಿತು. ಬೂಮ್ ಎದುರಿನ ವಿಮಾನದ ಮೈಗೆ ಉಜ್ಜಿದರೆ, ರೇಡಾರ್‌ಗೆ ಕಾಣದಂತೆ ಬಳಿದಿರುವ ಲೇಪನ ಹಾಳಾಗುವ ಅಪಾಯವಿದೆ. ಪರಿಷ್ಕೃತ ದೃಶ್ಯ ವ್ಯವಸ್ಥೆಯ ಗಡುವು 2027ಕ್ಕೆ ಮುಂದೂಡಲ್ಪಟ್ಟಿದೆ. ಆದರೂ 2022ರ ಸೆಪ್ಟೆಂಬರ್‌ನಲ್ಲಿ ವಿಮಾನವನ್ನು ಜಗತ್ತಿನಾದ್ಯಂತ ಕಾರ್ಯಾಚರಣೆಗೆ ಬಳಸಲು ಅನುಮತಿ ದೊರೆಯಿತು.

ವಿಶ್ಲೇಷಣೆ

ಮೂರು ಸುತ್ತುಗಳಲ್ಲಿಯೂ ಹಿಂದಿನ ತಪ್ಪಿನ ಪರಿಹಾರವೇ ಮುಂದಿನ ತೊಡಕಿಗೆ ದಾರಿಯಾಯಿತು. ಸ್ಪರ್ಧೆಯಿಲ್ಲದ ಗುತ್ತಿಗೆಯು ಭ್ರಷ್ಟಾಚಾರದ ಪ್ರಕರಣದೊಂದಿಗೆ ಬಿದ್ದುಹೋಯಿತು. ನಂತರದ ಮುಕ್ತ ಸ್ಪರ್ಧೆಯಲ್ಲಿ ಗುಣಗಳ ತುಲನೆ ಅಸ್ಪಷ್ಟವಾಗಿದ್ದುದರಿಂದ ತೀರ್ಪು ನಿಲ್ಲಲಿಲ್ಲ. ಮೂರನೆಯ ಬಾರಿ ಆಕ್ಷೇಪಣೆಗೆ ಅವಕಾಶವಿಲ್ಲದಂತೆ ನಿಯಮ ರೂಪಿಸಿ, ಕಡಿಮೆ ಬೆಲೆಗೆ ಆದ್ಯತೆ ನೀಡಲಾಯಿತು. ನಿಗದಿತ ಬೆಲೆಯ ಒಪ್ಪಂದವು ತೆರಿಗೆದಾರರ ಹಣವನ್ನು ಕಾಯ್ದುಕೊಂಡಿತಾದರೂ ಕಾಲವನ್ನು ಕಾಯ್ದುಕೊಳ್ಳಲಿಲ್ಲ.

ವಿಳಂಬದ ಭಾರ ಹಳೆಯ ವಿಮಾನಗಳ ಮೇಲೂ ಅವುಗಳ ಸಿಬ್ಬಂದಿಯ ಮೇಲೂ ಬೀಳುತ್ತದೆ. 2013ರ ಮೇ 3ರಂದು ಕಿರ್ಗಿಸ್ತಾನದಲ್ಲಿ ಕೆಸಿ-135ಆರ್ ಪತನಗೊಂಡು ಮೂವರು ಮೃತಪಟ್ಟರು. ಚುಕ್ಕಾಣಿಯ ನಿಯಂತ್ರಣ ವ್ಯವಸ್ಥೆಯ ದೋಷದಿಂದ ವಿಮಾನ ಓಲಾಡತೊಡಗಿತು. ಅದನ್ನು ಗುರುತಿಸಿ ಎದುರಿಸಲು ಸಿಬ್ಬಂದಿಗೆ ಸಾಕಷ್ಟು ತರಬೇತಿ ಇರಲಿಲ್ಲ ಎಂದು ತನಿಖೆ ಹೇಳಿತು. ಆದ್ದರಿಂದ ಈ ಅಪಘಾತವನ್ನು ವಿಮಾನದ ವಯಸ್ಸಿಗೆ ಮಾತ್ರ ಆರೋಪಿಸಲಾಗದು. ಇನ್ನೊಂದೆಡೆ, ಕೆಸಿ-135ಕ್ಕಿಂತ ಬಹಳ ಹೆಚ್ಚು ಇಂಧನ ಹೊರುತ್ತಿದ್ದ ಕೆಸಿ-10 ವಿಮಾನಗಳು 2024ರ ಸೆಪ್ಟೆಂಬರ್‌ನಲ್ಲಿ ನಿವೃತ್ತವಾದವು. ಕೆಸಿ-46ರ 179 ವಿಮಾನಗಳು ಎಲ್ಲ ಹಳೆಯ ಟ್ಯಾಂಕರ್‌ಗಳ ಜಾಗವನ್ನು ತುಂಬಲಾರವು. ಹೀಗಾಗಿ ಕೆಸಿ-135ಗಳಲ್ಲಿ ಹಲವು ಇನ್ನೂ ದೀರ್ಘಕಾಲ ಹಾರಬೇಕಾಗಿದೆ.

ಭಾರತದ ಸಂದರ್ಭ

ಭಾರತೀಯ ವಾಯುಪಡೆಯೂ ಇದೇ ಬಗೆಯ ಸಮಸ್ಯೆಯನ್ನು ಎದುರಿಸುತ್ತಿದೆ. ಅದರ ಬಳಿ ಇರುವ ಆರು ಇಲ್ಯೂಷಿನ್-78 ಟ್ಯಾಂಕರ್‌ಗಳು 2003-04ರಲ್ಲಿ ಸೇರಿದವು. ಅವುಗಳ ನೆಲೆ ಆಗ್ರಾ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ತಯಾರಿಸುವ ತೇಜಸ್ ಯುದ್ಧವಿಮಾನವು 2018ರ ಸೆಪ್ಟೆಂಬರ್ 10ರಂದು ಆಕಾಶದಲ್ಲಿ 1,900 ಕಿಲೋಗ್ರಾಂ ಇಂಧನ ಪಡೆದದ್ದು ಇಂತಹ ಟ್ಯಾಂಕರ್‌ನಿಂದಲೇ. ಹೊಸ ಟ್ಯಾಂಕರ್‌ಗಾಗಿ ಏರ್‌ಬಸ್ ಎ330 ಎರಡು ಬಾರಿ ಆಯ್ಕೆಯಾಯಿತು. 2010ರಲ್ಲಿ ಮತ್ತು 2016ರಲ್ಲಿ ಎರಡೂ ಟೆಂಡರ್‌ಗಳು ರದ್ದಾದವು.

2025ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯವು ವಾಯುಪಡೆ ಮತ್ತು ನೌಕಾಪಡೆಯ ಪೈಲಟ್‌ಗಳ ತರಬೇತಿಗಾಗಿ ಒಂದು ಟ್ಯಾಂಕರನ್ನು ಸಿಬ್ಬಂದಿ ಸಹಿತ ಗುತ್ತಿಗೆಗೆ ಪಡೆಯಲು ಮೆಟ್ರಿಯಾ ಎಂಬ ಖಾಸಗಿ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಆ ವಿಮಾನ ಕೆಸಿ-135. ಅಮೆರಿಕ ಎರಡು ದಶಕಗಳಿಂದ ಬದಲಿಸಲು ಯತ್ನಿಸುತ್ತಿರುವ ಮಾದರಿಯೇ ಹೊಸ ವಿಮಾನ ಬರುವವರೆಗೆ ಮತ್ತೊಂದು ದೇಶದ ತರಬೇತಿಯ ಅಗತ್ಯವನ್ನು ಪೂರೈಸಬೇಕಾಗಿದೆ.